ಅಡ್ಡಹೆಸರು ನುಂಗಿದ ಉಜೈರ

ಉಜೈರ ಇನ್‌ಸ್ಟಾಗ್ರಾಮಿನಲ್ಲಿ ನ್ಯಾಯಾಧೀಶನಾಗಿದ್ದ. ಬಿ.ಕಾಂ.ನಲ್ಲಿ ಎರಡು ವಿಷಯ ಬಾಕಿ ಉಳಿದಿದ್ದವು, ಅದು ಬೇರೆ ಮಾತು. ಬೆಳಗಾವಿಯ ಹುಡುಗರಲ್ಲಿ ಯಾರಿಗೆ ‘ಡ್ರಿಪ್’ ಇದೆ, ಅಂದರೆ ಬಟ್ಟೆಬರೆಯ ಖದರು ಇದೆ, ಯಾರ ‘ಆರಾ’, ಅಂದರೆ ಮುಖದ ಸುತ್ತ ಇರಬೇಕಾದ ಪ್ರಭೆ, ಸಾವಿರ ಅಂಕ ಕೆಳಗಿಳಿದಿದೆ ಎಂಬುದನ್ನೆಲ್ಲ ಅವನು ಅರ್ಧ ನಿಮಿಷದ ವಿಡಿಯೋದಲ್ಲಿ ತೀರ್ಮಾನಿಸಿಬಿಡುತ್ತಿದ್ದ. ಮೇಲ್ಮನವಿಗೆ ಅವಕಾಶವಿರಲಿಲ್ಲ. ಅವನ ನ್ಯಾಯಾಲಯದಲ್ಲಿ ಅತಿ ದೊಡ್ಡ ಶಿಕ್ಷೆಯೆಂದರೆ ‘ಛಪ್ರಿ’, ಅಂದರೆ ಅಗ್ಗದ ಷೋಕಿಯವನು, ಎನ್ನಿಸಿಕೊಳ್ಳುವುದು. ಕೂದಲಿಗೆ ಬಂಗಾರದ ಬಣ್ಣ ಹಚ್ಚಿದವರು, ಮೊಣಕಾಲು ಹರಿದ ಬಿಗಿ ಜೀನ್ಸಿನವರು, ಬೈಕಿಗೆ ಮಿಣಮಿಣ ದೀಪ ಕಟ್ಟಿಸಿದವರು, ಎಲ್ಲರೂ ಛಪ್ರಿಗಳೇ. ಗೋಣಿಚೀಲದಂಥ ಪ್ಯಾಂಟು ತೊಟ್ಟು, ಅದರೊಳಗೆ ತನ್ನ ಕಾಲು ಎಲ್ಲಿವೆಯೆಂದು ಹುಡುಕುತ್ತ ನಡೆಯುವ ತಾನು ಮಾತ್ರ ಸ್ಟೈಲಿನವನು.

ಖಾತೆಯ ಹೆಸರು ‘ಉಝಿ’. ಅಡ್ಡಹೆಸರನ್ನು, ಅಂದರೆ ಮನೆತನದ ಹೆಸರನ್ನು, ಅವನು ಎಲ್ಲೂ ಬರೆದಿರಲಿಲ್ಲ. ಮನೆ ಇದ್ದದ್ದು ವಡಗಾವಿಯ ಒಂದು ಸಂದಿಯಲ್ಲಿ. ಬಾಜುವಿನಲ್ಲೇ ಅವನ ಅಪ್ಪ ದುಡಿಯುವ ಪವರ್‌ಲೂಮು. ಅದರ ಖಟಪಟದಲ್ಲಿ ತೀರ್ಪಿಗೆ ಗಾಂಭೀರ್ಯ ಬರುವುದಿಲ್ಲವೆಂದು ಗೆಳೆಯ ಸೋಮಲಿಂಗನ ಬೈಕ್ ಹತ್ತಿ ಮಹಾಂತೇಶ ನಗರಕ್ಕೆ ಹೋಗುತ್ತಿದ್ದ. ಅಲ್ಲಿ ಯಾರದೋ ಬಂಗಲೆಯ ಗೇಟಿಗೆ ಒರಗಿ, ಒಳಗಿನವರು ಹೊರಬರುವುದರೊಳಗೆ ಮಾತು ಮುಗಿಸುತ್ತಿದ್ದ. ನೋಡಿದವರು ಅದನ್ನು ಇವನದೇ ಮನೆ ಎಂದುಕೊಂಡರೆ ಇವನೇನು ಮಾಡಬೇಕು?

ಹೆಸರು ತಂದುಕೊಟ್ಟದ್ದು ಖಾನಾಪುರದ ಬಸ್ ನಿಲ್ದಾಣ. ಸೋಮಲಿಂಗನ ಅಕ್ಕನ ಊರಿಗೆ ಹೋಗುವಾಗ ಇಬ್ಬರೂ ಅಲ್ಲಿ ಚಹಾ ಕುಡಿಯಲು ನಿಂತಿದ್ದರು. ಜೇನು ಬಣ್ಣದ ಕೂದಲಿನ, ಗಿಳಿಹಸಿರು ಕನ್ನಡಕದ ಯುವಕನೊಬ್ಬ ನಿಂತ ಬಸ್ಸಿನ ಕನ್ನಡಿಯಲ್ಲಿ ಇಣುಕಿ ಅತ್ಯಂತ ಶ್ರದ್ಧೆಯಿಂದ ತಲೆ ಬಾಚಿಕೊಳ್ಳುತ್ತಿದ್ದ. ಉಜೈರ ಚಹಾದ ಗ್ಲಾಸಿನ ಮರೆಯಿಂದ ಅದನ್ನು ಸೆರೆಹಿಡಿದ. ‘ಖಾನಾಪುರದ ಒರಿಜಿನಲ್ ಛಪ್ರಿ, ಆರಾ ಮೈನಸ್ ಹತ್ತು ಸಾವಿರ’ ಎಂದು ಬರೆದು ಹಾಕಿದ. ಲಕ್ಷಗಟ್ಟಲೆ ಮಂದಿ ನೋಡಿ ನಕ್ಕರು. ರವಿವಾರ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಮಾರಾಟವಾಗದೆ ಉಳಿದ ಎರಡು ಶರ್ಟು ಪುಕ್ಕಟೆ ಕೊಟ್ಟು, “ನಮ್ಮ ಅಂಗಡಿ ಹೆಸರೂ ಒಂದೀಟ ಹೇಳಪಾ” ಎಂದರು. ದೇಶ ತನ್ನ ಪ್ರತಿಭೆಯನ್ನು ಕಡೆಗೂ ಗುರುತಿಸಿತೆಂದು ಉಜೈರನಿಗೆ ಖಾತ್ರಿಯಾಯಿತು.

ಅದಾಗಿ ಸ್ವಲ್ಪ ದಿನಕ್ಕೆ ಫುಪ್ಪಿಯ ಫೋನ್ ಬಂತು. ಫುಪ್ಪಿ ಎಂದರೆ ಅವನ ಅಪ್ಪನ ಅಕ್ಕ ಜೈತುನಬೀ, ಖಾನಾಪುರದವಳು. ಮಗಳು ಮುಸ್ಕಾನಳ ನಿಶ್ಚಿತಾರ್ಥವಿತ್ತು. ಅಪ್ಪ ಅಮ್ಮ ಬೆಳಿಗ್ಗೆಯೇ ಬಸ್ಸಿಗೆ ಹೋದರು. ಉಜೈರ ಪುಕ್ಕಟೆ ಶರ್ಟು ತೊಟ್ಟು ಸೋಮಲಿಂಗನ ಬೈಕಿನಲ್ಲಿ ಮಧ್ಯಾಹ್ನದ ಹೊತ್ತಿಗೆ ತಲುಪಿದ. ಅಂಗಳದಲ್ಲಿ ಕಾಲಿಡುವಷ್ಟರಲ್ಲಿ ಹಿಂದಿನಿಂದ ಮಿಣಮಿಣ ದೀಪದ ಬೈಕೊಂದು ಬಂದು ನಿಂತಿತು. ವರ ಇಳಿದ. ಜೇನು ಬಣ್ಣದ ಕೂದಲು, ಗಿಳಿಹಸಿರು ಕನ್ನಡಕ.

ಸೋಮಲಿಂಗ ಕಿವಿಯಲ್ಲಿ ಉಸುರಿದ. “ಲೇ, ಇಂವ ನಮ್ಮ ಮೈನಸ್ ಹತ್ತು ಸಾವಿರ ಅಲ್ಲೇನ್ಲೇ?”

“ಬಾಯಿ ಮುಚ್ಚಲೇ.”

ಓಡಿಹೋಗಲು ಗೋಣಿಚೀಲದ ಪ್ಯಾಂಟು ಅನುಕೂಲವಾಗಿರಲಿಲ್ಲ. ಅಷ್ಟರಲ್ಲಿ ವರ ಸಮದ ಬಂದು ಅವನನ್ನು ಗಟ್ಟಿಯಾಗಿ ಅಪ್ಪಿಕೊಂಡುಬಿಟ್ಟ.

“ಬರ್ರಿ ಸಾಲೇಸಾಬ, ಭಾವಮೈದುನ್ರ, ಬರ್ರಿ! ನಿಮ್ಮ ವಿಡಿಯೋ ಬಂದಮ್ಯಾಲ ನನ್ನ ಸಲೂನಿನ್ಯಾಗ ಕುಂದರಾಕ ಜಾಗಾ ಇಲ್ರಿ. ಹುಡುಗ್ರು ಫೋನ್ ತೋರಿಸಿ, ನಮಗೂ ಇದ ಛಪ್ರಿ ಕಟಿಂಗ್ ಬೇಕು ಅಂತಾರ. ಬೆಳಗಾಂವಿಂದನೂ ಬರಾಕತ್ತ್ಯಾರ್ರಿ, ಮಹಾಂತೇಶ ನಗರದವ್ರು!”

ಉಜೈರ ಆ ಮುಖದಲ್ಲಿ ಕುಹಕ ಹುಡುಕಿದ. ಸಿಗಲಿಲ್ಲ. ಸಮದ ಒಂದೆರಡು ಏಟು ಹೊಡೆದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

ಒಳಗೆ ಶರಬತ್ತು ತಂದುಕೊಟ್ಟ ಮುಸ್ಕಾನ ಅಲ್ಲೇ ನಿಂತಳು. ಅವಳಿಗೆ ಸಮದನಷ್ಟು ದೊಡ್ಡ ಮನಸ್ಸಿರಲಿಲ್ಲ.

“ಉಜೈರ ಭಾಯಿ, ಛಪ್ರಿ ಅಂದ್ರ ಏನು?”

“ಅದು… ಹಂಗ, ಒಂದು ಸ್ಲ್ಯಾಂಗ್. ಚ್ಯಾಷ್ಟಿ.”

“ಚ್ಯಾಷ್ಟಿ ಯಾರ ಮ್ಯಾಲ?”

ಎಲೆ ಅಡಿಕೆ ಮಡಿಚುತ್ತಿದ್ದ ಜೈತುನಬೀ ತಲೆ ಎತ್ತಿದಳು. “ಛಪ್ರಿ ಅಲ್ಲಪಾ, ಛಪ್ಪರ. ನಮ್ಮ ಹಿರ್ಯಾರು ಮಂದಿ ಮನಿಗೆ ಛಪ್ಪರ ಹಾಕಿ ಹೊಟ್ಟಿ ಹೊರಕೊಂಡ್ರು. ಅದಕ್ಕ ನಾವು ಛಪ್ಪರಬಂದ. ಸಮದನ ಮನಿಯವ್ರೂ ಛಪ್ಪರಬಂದ. ಮಳಿಗಾಲ ಬಂತಂದ್ರ ನಿಮ್ಮ ಅಜ್ಜನ್ನ ಹುಡುಕ್ಕೊಂಡ ಗೌಡ್ರು ಬರ್ತಿದ್ರು.”

“ಅಮ್ಮಿ, ಈಗಿನವ್ರು ಅದನ್ನ ಬೈಗಳ ಮಾಡ್ಯಾರ,” ಎಂದಳು ಮುಸ್ಕಾನ. “ನಮ್ಮ ಹೆಸರಿನಿಂದನ ಆ ಮಾತು ಹುಟ್ಟೇತಿ ಅಂತಾರ. ಊರ ಮಂದಿಗೆಲ್ಲಾ ಅದನ್ನ ಅನ್ನಾಂವ ಯಾರು ಕೇಳು, ನಮ್ಮ ಮನ್ಯಾಂವನ.”

ಉಜೈರನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಹಿಂದೆ ಯಾರೋ ಅವನ ವಿಡಿಯೋದ ಕೆಳಗೆ ಇದನ್ನೇ ಬರೆದಿದ್ದರು. ಅವನು ಆ ಕಮೆಂಟನ್ನು ಅಳಿಸಿ, ಬರೆದವರನ್ನು ಬ್ಲಾಕ್ ಮಾಡಿ, ಮುಖ ತೊಳೆದುಕೊಂಡು ಬಂದು ಇನ್ನೊಬ್ಬನನ್ನು ಛಪ್ರಿ ಎಂದಿದ್ದ.

ಉಂಗುರ ಬದಲಾಯಿಸಿದ ಮೇಲೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡರು. ಮುಸ್ಕಾನ ಅದನ್ನು ಅಲ್ಲೇ ಹಾಕಿದಳು. ‘ನಾನು, ಸಮದ ಛಪ್ಪರಬಂದ, ಮತ್ತ ನಮ್ಮ ಉಜೈರ ಛಪ್ಪರಬಂದ ಉರ್ಫ್ ಉಝಿ’. ಖಾತೆಗೆ ಟ್ಯಾಗು ಬೇರೆ.

ಬಿರ್ಯಾನಿಯ ತಟ್ಟೆ ಖಾಲಿಯಾಗುವುದರೊಳಗೆ ಫೋಟೋದ ಕೆಳಗೆ ಜನತಾ ನ್ಯಾಯಾಲಯ ಸೇರಿಬಿಟ್ಟಿತು. ‘ಜಡ್ಜ್ ಸಾಹೇಬರೇ ಛಪ್ರಿ!’ ‘ಆರಾ ಮೈನಸ್ ಒಂದು ಕೋಟಿ.’ ನಿನ್ನೆಯವರೆಗೆ ‘ಕಿಂಗ್’ ಎನ್ನುತ್ತಿದ್ದವರದೇ ಮುಂದಾಳತ್ವ. ಒಬ್ಬರಂತೂ, ‘ಆ ಗೇಟು ನಮ್ಮದು. ಈ ಹುಡುಗ ಯಾರೋ ನಮಗೆ ಗೊತ್ತಿಲ್ಲ’ ಎಂದು ಬರೆದಿದ್ದರು.

ಉಜೈರ ಮುಸ್ಕಾನಳನ್ನು ಅಡುಗೆಮನೆಯ ಬಾಗಿಲಿಗೆ ಕರೆದ. “ಅದನ್ನ ಡಿಲೀಟ್ ಮಾಡ.”

“ಯಾಕ? ಚಲೋ ಬಂದಿಲ್ಲೇನು?”

“ಹೆಸರರೆ ತಗಿ.”

“ಯಾರ ಹೆಸರ? ಸಮದಂದೋ, ನಿಂದೋ?”



ಮರುದಿನ ಬಟ್ಟೆ ವ್ಯಾಪಾರಿ ಶರ್ಟುಗಳನ್ನು ವಾಪಸು ಕೇಳಿದರು; ತೊಳೆದಿದ್ದರೂ ನಡೆಯುತ್ತದಂತೆ. ಸೋಮಲಿಂಗ, “ಸ್ವಲ್ಪ ದಿನ ನನ್ನ ಟ್ಯಾಗ್ ಮಾಡಬ್ಯಾಡಲೇ” ಎಂದು ಗೆಳೆತನ ಮೆರೆದ. ಉಜೈರ ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಲಗಿದ್ದ. ಬಯ್ದವರ ಮೇಲೆ ಸಿಟ್ಟು ಬಂತು. ಆ ಬೈಗಳೆಲ್ಲ ತಾನೇ ಕಲಿಸಿದ್ದೆಂದು ಹೊಳೆದಾಗ ಸಿಟ್ಟು ಮಾಡಿಕೊಳ್ಳಲು ಯಾರೂ ಉಳಿಯಲಿಲ್ಲ. ಕೊನೆಗೆ ಎದ್ದು ಕ್ಷಮೆಯ ವಿಡಿಯೋ ಮಾಡಿದ. ಹಾಡು, ಫಿಲ್ಟರ್ ಏನೂ ಇಲ್ಲದೆ, ಮೊದಲ ಸಲ ಪೂರ್ತಿ ಹೆಸರು ಹೇಳಿದ. ಸಮದನ ಹೆಸರೆತ್ತಿದಾಗ ಅತ್ತೇಬಿಟ್ಟ. ಆ ಅಳುವಿನಲ್ಲಿ ಮುಕ್ಕಾಲು ಪಾಲು ಖರೆಯೇ ಇತ್ತು.

ಆದರೆ ನೋಡುವವರೇ ಇರಲಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಹೊಸದೊಂದು ಬೈಗಳು ಬಂದಿತ್ತು, ಹುಡುಗರೆಲ್ಲ ಅದನ್ನು ಒಬ್ಬರಿಗೊಬ್ಬರು ಹಂಚುವುದರಲ್ಲಿ ಮುಳುಗಿದ್ದರು. ಅವನ ಪಶ್ಚಾತ್ತಾಪವನ್ನು ಪೂರ್ತಿ ನೋಡಿದವಳು ಬಹುಶಃ ಜೈತುನಬೀ ಒಬ್ಬಳೇ, ಅದೂ ಮಗಳ ಫೋನಿನಲ್ಲಿ. ಸಂಜೆಗೆ ಅವಳ ಕರೆ ಬಂತು.

“ಮೂಗ ಯಾಕ ಅಷ್ಟ ಸೋರಾಕತ್ತಿತ್ತೋ? ನೆಗಡಿ ಆಗೇತೇನು?”

“ಇಲ್ಲ ಫುಪ್ಪೀ.”

“ಮತ್ತ ಬಿಡು. ಕೇಳಿಲ್ಲೆ, ಮದುವಿಗೆ ವಿಡಿಯೋದವ್ನ ಬ್ಯಾಡ ಅಂದಾನ ಸಮದ. ನೀನ ತಗೀಬೇಕಂತ.”

“ಹೂಂ, ತಗೀತೇನಿ” ಎಂದ ಉಜೈರ.

“ತಗಿ. ಆದರ ಬಾಯಿ ಮುಚ್ಚಿಕೊಂಡ ತಗಿ,” ಎಂದು ಫುಪ್ಪಿ ಫೋನಿಟ್ಟಳು.