ತಿರುವಿನ ಸದ್ದು

"ಈಗ ಹಾಕಿ ಅತ್ತಿಗೆ," ಎಂದ ಮೆಕ್ಯಾನಿಕ್. ಅವನ ತಲೆ ಸ್ಟಿಯರಿಂಗಿನ ಕೆಳಗೆ, ಕ್ಲಚ್ಚು ಬ್ರೇಕುಗಳ ನಡುವೆ ಹುದುಗಿತ್ತು. ಕಾಲುಗಳು ತೆರೆದ ಬಾಗಿಲಿನಿಂದ ಹೊರಗೆ ಚಾಚಿದ್ದವು. ಅವಳು ಪಕ್ಕದ ಸೀಟಿನಿಂದ ಕೈ ನೀಡಿ ಇಂಡಿಕೇಟರಿನ ಕಡ್ಡಿಯನ್ನು ಕೆಳಗೆ ಒತ್ತಿದಳು. ಗ್ಯಾರೇಜಿನ ಮಸಿ ಹಿಡಿದ ಗೋಡೆಯ ಮೇಲೆ ಹಳದಿ ಬೆಳಕು ಹೊತ್ತಿ ಆರತೊಡಗಿತು. ಡ್ಯಾಶ್‌ಬೋರ್ಡಿನ ಒಳಗಿನಿಂದ, ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ, ಚಿಟಚಿಟ ಎಂಬ ತೆಳ್ಳನೆಯ ಸದ್ದು ಬಂತು.

"ಇದಲ್ಲ," ಎಂದಳು.

"ಲೈಟು ಹತ್ತುತ್ತೆ, ಆರುತ್ತೆ. ಇನ್ನೇನು, ಹಾಡೂ ಹೇಳ್ಬೇಕಾ?"

"ಸದ್ದು ಬೇರೆ."

ಅವನು ತೆವಳಿಕೊಂಡು ಹೊರಬಂದು, ಕೈಗೆ ಮೆತ್ತಿದ ಗ್ರೀಸನ್ನು ಹಳೆಯ ಬನಿಯನ್ನಿನಲ್ಲಿ ಒರೆಸಿಕೊಂಡ. ಅವಳ ಗಂಡನನ್ನು ಅಣ್ಣ ಎಂದು ಕರೆಯುತ್ತಿದ್ದವನು. ಈ ಕಾರನ್ನು ಮೊದಲಿನಿಂದಲೂ ನೋಡಿಕೊಂಡವನು. ಕಳಚಿ ತೆಗೆದ ಪ್ರತಿಯೊಂದು ಸಾಮಾನನ್ನೂ ಪೇಪರಿನಲ್ಲಿ ಸುತ್ತಿ ಯಜಮಾನರ ಕೈಗೇ ಕೊಡುವುದು ಅವನ ಪದ್ಧತಿ. "ಹಾಕಿದ್ದೂ ನಿಮ್ಮದು, ತೆಗೆದಿದ್ದೂ ನಿಮ್ಮದು. ನಾಳೆ ನನ್ನ ಮೇಲೆ ಅನುಮಾನ ಬೇಡ," ಎನ್ನುತ್ತಿದ್ದ. ಈಗಲೂ ಹಾಗೆಯೇ ಸುಟ್ಟುಹೋದ ಫ್ಲ್ಯಾಶರನ್ನು ಅವಳ ಅಂಗೈಯಲ್ಲಿ ಇಟ್ಟ. ಇಂಡಿಕೇಟರ್ ದೀಪವನ್ನು ಮಿನುಗಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಅದರ ಒಂದು ಮೂಲೆ ಕರಗಿತ್ತು.

ಈ ಕಂಪನಿಯ ಒರಿಜಿನಲ್ ಬರುವುದು ನಿಂತು ಎಷ್ಟೋ ಕಾಲವಾಯಿತು, ಈಗ ಎಲ್ಲರೂ ಹಾಕಿಸುವುದು ಡೂಪ್ಲಿಕೇಟೇ, ಅದರಿಂದ ಯಾರ ಕಾರೂ ನಿಂತಿಲ್ಲ ಎಂದು ಅವನು ಸಮಾಧಾನವಾಗಿಯೇ ಹೇಳಿದ. ಕಾರು ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದಾಗ ಇಲಿಗಳು ವೈರು ಕಡಿದಿದ್ದವು, ಫ್ಲ್ಯಾಶರ್ ಸುಟ್ಟದ್ದೂ ಅದರಿಂದಲೇ. ವೈಪರಿಗೂ ಕನ್ನಡಿಗೂ ಬಾಗಿಲ ಹಿಡಿಗೂ ಅವಳು ಒರಿಜಿನಲ್ಲೇ ಆಗಬೇಕೆಂದು ಪಟ್ಟು ಹಿಡಿದಿದ್ದಳು, ಅವನೂ ಹೇಗೋ ಹೊಂದಿಸಿಕೊಟ್ಟಿದ್ದ.

"ಅತ್ತಿಗೆ, ಇನ್ನೂ ಒರಿಜಿನಲ್ಲೇ ಬೇಕು ಅಂದ್ರೆ ಕಾರುಗಳ ಸ್ಮಶಾನಕ್ಕೇ..." ನಾಲಿಗೆ ಕಚ್ಚಿಕೊಂಡ. "ಗುಜರಿಗೇ ಹೋಗ್ಬೇಕು."

"ಹೋಗ್ತೀನಿ," ಎಂದಳು.

ಸದ್ದು ಬೇಕಾಗಿದ್ದದ್ದು ಅವಳಿಗಲ್ಲ, ಮಗನಿಗೆ. ಮೀಸೆ ಬಂದು ಎಷ್ಟೋ ವರ್ಷವಾಗಿದ್ದರೂ ಮನೆಯಲ್ಲಿ ಅವನು ಪುಟ್ಟನೇ. ಹುಟ್ಟಿದಾಗಿನಿಂದ ಒಂದು ಮಾತೂ ಆಡಿದವನಲ್ಲ. ಯಾವುದೂ ಬದಲಾಗಬಾರದು ಅವನಿಗೆ. ಲೋಟ ಬದಲಾದರೆ ನೀರು ಮುಟ್ಟುತ್ತಿರಲಿಲ್ಲ. ಹಾಸಿಗೆಗೆ ಹೊಸ ಹೊದಿಕೆ ಹಾಕಿದ ದಿನ ನೆಲದ ಮೇಲೆ ಮಲಗಿದ್ದ. ಪ್ರತಿ ಬೆಳಿಗ್ಗೆ ಅಪ್ಪ ಅವನನ್ನು ಈ ಕಾರಿನಲ್ಲಿ ಕೂರಿಸಿಕೊಂಡು, ಅವನಂಥವರು ಕಾಗದದ ಚೀಲ ಮಾಡುವ ಕೇಂದ್ರಕ್ಕೆ ಬಿಟ್ಟುಬರುತ್ತಿದ್ದರು. ನೀರಿನ ಟ್ಯಾಂಕಿನ ಹತ್ತಿರದ ತಿರುವಿನಲ್ಲಿ ಎದುರಿನ ವಾಹನಗಳ ಸಾಲು ಮುಗಿಯುವವರೆಗೂ ಕಾಯಬೇಕಿತ್ತು. ಇಂಡಿಕೇಟರ್ ಒಳಗಿನಿಂದ ಟಕ್ಕು, ಟಕ್ಕು ಎಂದು ನಿಧಾನವಾಗಿ, ದಪ್ಪಗೆ ಬಡಿಯುತ್ತಿತ್ತು. ಹಿಂದಿನವರು ಹಾರ್ನ್ ಬಾರಿಸಿದರೆ ಅಪ್ಪ ಅದೇ ತಾಳಕ್ಕೆ ಸರಿಯಾಗಿ, "ಬಂದೆ... ಬಂದೆ... ಬಂದೆ..." ಎನ್ನುತ್ತಿದ್ದರು. ಪುಟ್ಟ ನಗುತ್ತ ಒಂದು ಬೆರಳಿನಿಂದ ಮಂಡಿಯ ಮೇಲೆ ಬಡಿಯುತ್ತಿದ್ದ. ಅಪ್ಪನೂ ಅವನ ಇನ್ನೊಂದು ಮಂಡಿಯ ಮೇಲೆ ಬಡಿಯುತ್ತಿದ್ದರು. ಹಿಂದೆ ಕೂತಿದ್ದ ದಿನಗಳಲ್ಲಿ ಅವಳೂ ಇದನ್ನು ಕಂಡಿದ್ದಳು. ಇಬ್ಬರೂ ಸೇರಿ ಇನ್ನು ಬ್ಯಾಂಡಿಗೇ ಸೇರಿಕೊಳ್ಳಿ ಎಂದು ರೇಗಿಸಿದ್ದಳು.

ಅವರು ಕುಸಿದುಬಿದ್ದದ್ದು ಬಚ್ಚಲಲ್ಲಿ. ಹೋದದ್ದು ಆಂಬುಲೆನ್ಸಿನಲ್ಲಿ. ಆ ಗದ್ದಲದಲ್ಲಿ ಅಕ್ಕ ಬಂದು ಪುಟ್ಟನನ್ನು ತನ್ನ ಮನೆಗೆ ಕರೆದೊಯ್ದಳು. ಅವನಿಗೇನು ಗೊತ್ತಾಗುತ್ತೆ, ಯಾಕೆ ತೋರಿಸಬೇಕು ಎಂದು ಎಲ್ಲರೂ ಹೇಳಿದರು, ಅವಳೂ ಹೂಂಗುಟ್ಟಿದ್ದಳು. ಎಲ್ಲ ಮುಗಿದ ಮೇಲೆ ಮನೆಗೆ ಬಂದವನು ಕೋಣೆ ಕೋಣೆ ಸುತ್ತಿದ. ಶೆಡ್ಡಿಗೆ ಹೋಗಿ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ. ಕಾರು ಇಲ್ಲೇ ಇದೆಯೆಂದರೆ ಅಪ್ಪನೂ ಇಲ್ಲೇ ಎಲ್ಲೋ ಹೋಗಿದ್ದಾರೆ ಎಂಬಂತೆ ಒಳಬಂದು ಕೂತ. ನಾಳೆ ಹೇಳೋಣ ಎಂದುಕೊಂಡಳು. ಆ ನಾಳೆ ಮುಂದಕ್ಕೆ ಹೋಗುತ್ತಲೇ ಇತ್ತು.

ಅಂದಿನಿಂದ ಅವನು ಗೇಟು ದಾಟಿರಲಿಲ್ಲ. ಬಾಡಿಗೆ ಕಾರನ್ನು ಕಂಡರೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂರುತ್ತಿದ್ದ. ಕೇಂದ್ರದ ಮೇಡಂ ಫೋನು ಮಾಡಿ, ಅವನ ಜಾಗಕ್ಕೆ ಬೇರೆಯವರು ಕಾಯುತ್ತಿದ್ದಾರೆ, ಈ ತಿಂಗಳಾದರೂ ಕರೆತನ್ನಿ ಎಂದಿದ್ದರು. ಕಾರು ಮೊದಲು ಹೇಗಿತ್ತೋ ಹಾಗೆಯೇ ಆದರೆ, ಒಂದು ಸದ್ದೂ ಹೆಚ್ಚುಕಡಿಮೆಯಾಗದಿದ್ದರೆ, ಅವನು ಹತ್ತುತ್ತಾನೆ, ಹೋಗುತ್ತಾನೆ. ಅವಳ ನಂಬಿಕೆಯೆಲ್ಲ ಅಷ್ಟೇ ಆಗಿತ್ತು.

ಅಕ್ಕ ಫೋನಿನಲ್ಲಿ ನಕ್ಕಳು. "ಕಾರಿಗೆ ಒರಿಜಿನಲ್ಲು, ನಿನ್ನ ಮಂಡಿನೋವಿಗೆ ಮಾತ್ರ ಯಾರೋ ಕೊಟ್ಟ ಮುಲಾಮು. ಚೆನ್ನಾಗಿದೆ ಕಣೇ." ಆಮೇಲೆ ದನಿ ತಗ್ಗಿಸಿ, ಪುಟ್ಟನನ್ನು ನೋಡಿಕೊಳ್ಳಲು ನಾನು ಬರುತ್ತೇನೆ, ನೀನು ಹೋಗಿ ಬಾ ಎಂದಳು.

ಗುಜರಿಯಲ್ಲಿ ಕಾರುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಗಾಜಿಲ್ಲದ ಕಿಟಕಿಗಳಲ್ಲಿ ಹುಲ್ಲು ಬೆಳೆದಿತ್ತು. ಗುಜರಿಯವನು ಅದೇ ಮಾದರಿಯ ಹಳೆಯ ಕಾರುಗಳಿಂದ ಫ್ಲ್ಯಾಶರುಗಳನ್ನು ಕಿತ್ತು ತಂದು ಒಂದು ತಗಡಿನ ತಟ್ಟೆಯಲ್ಲಿ ಸುರಿದ. ಬ್ಯಾಟರಿ, ಬಲ್ಬುಗಳಿಗೆ ಒಂದೊಂದನ್ನೇ ಜೋಡಿಸಿ ತೋರಿಸಿದ. ಬಲ್ಬು ಮಿನುಗಿದರೂ ಅವಳು ಅತ್ತ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೇಳುತ್ತಿದ್ದಳು.

"ನಾಡಿ ನೋಡ್ತಿದ್ದೀರಾ ಅಕ್ಕಾ? ಬದುಕಿದೆಯಾ?" ಎಂದ ಅವನು.

ಅವಳು ನಕ್ಕು, ಇನ್ನೊಂದು ಹಾಕು ಎಂದಳು. ಕೆಲವು ಸತ್ತಿದ್ದವು, ಕೆಲವು ಅವಸರದವು. ತಟ್ಟೆ ಬರಿದಾಗುತ್ತ ಬಂದಾಗ, ತುಕ್ಕು ಹಿಡಿದ ಒಂದು ಡಬ್ಬಿ ಟಕ್ಕು ಎಂದಿತು. ಸ್ವಲ್ಪ ತಡೆದು, ಯೋಚನೆ ಮಾಡಿದಂತೆ, ಮತ್ತೆ ಟಕ್ಕು ಎಂದಿತು. ಅವಳ ತುಟಿಗಳು ತಾವಾಗಿ ಅಲುಗಿದವು. ಗುಜರಿಯವನು ವೈರನ್ನು ಬಿಡಿಸಿದ.

ಮರುದಿನ ಮೆಕ್ಯಾನಿಕ್ ಅದನ್ನು ಜೋಡಿಸಿ, ಡೂಪ್ಲಿಕೇಟನ್ನು ಪೇಪರಿನಲ್ಲಿ ಸುತ್ತಿ ಅವಳಿಗೆ ಕೊಟ್ಟ.

ಅದರ ಮರುಬೆಳಿಗ್ಗೆ ಪುಟ್ಟ ಕಾರು ಹತ್ತಿದ. ಏನೂ ಆಗಿಯೇ ಇಲ್ಲವೆಂಬಂತೆ ಊಟದ ಡಬ್ಬಿ ಹಿಡಿದು ತನ್ನ ಸೀಟಿನಲ್ಲಿ ಕೂತು, ಬೆಲ್ಟಿಗಾಗಿ ಭುಜ ಒಡ್ಡಿದ. ಅವಳ ಎದೆ ಹಗುರಾಯಿತು. ಬಹಳ ದಿನದ ಮೇಲೆ ಕಾರು ಓಡಿಸುತ್ತಿದ್ದುದರಿಂದ ಗೇರು ಕಿರ್ ಎಂದರೂ ಅವನು ಬೆಚ್ಚಲಿಲ್ಲ. ನೀರಿನ ಟ್ಯಾಂಕಿನ ತಿರುವಿನಲ್ಲಿ ನಿಲ್ಲಿಸಿ ಕಡ್ಡಿಯನ್ನು ಒತ್ತಿದಳು. ಟಕ್ಕು, ಟಕ್ಕು. ಅವನ ಬೆರಳು ಮೇಲೆದ್ದು ಮಂಡಿಯ ಮೇಲೆ ಬಿತ್ತು. ಮತ್ತೆ ಎದ್ದಿತು. ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಕಂಡ ನಗು. ಅವಳು ಎಡಗೈಯನ್ನು ಚಾಚಿ ಅವನ ಇನ್ನೊಂದು ಮಂಡಿಯ ಮೇಲೆ ಬಡಿದಳು.

ಅವನು ಆ ಕೈಯನ್ನು ನೋಡಿದ. ಬಳೆಯನ್ನು ನೋಡಿದ. ಕೈಯ ಗುಂಟ ಕಣ್ಣು ಹಾಯಿಸಿ ಅವಳ ಮುಖ ನೋಡಿದ. ನಂತರ ಹಿಂದಿನ ಸೀಟಿನ ಕಡೆ ತಿರುಗಿದ. ಅಲ್ಲಿ ಯಾರೂ ಇರಲಿಲ್ಲ. ಅಂಗೈಯನ್ನು ಅವಳ ಭುಜಕ್ಕೆ ಊರಿ ಮೆಲ್ಲಗೆ ತಳ್ಳತೊಡಗಿದ. ಸಿಟ್ಟಿನಿಂದಲ್ಲ. ಬೇರೆಯವರ ಜಾಗದಲ್ಲಿ ತಿಳಿಯದೆ ಕೂತವರನ್ನು ಎಬ್ಬಿಸುವ ಹಾಗೆ. ಹಿಂದಿನಿಂದ ಹಾರ್ನ್ ಬಾರಿಸುತ್ತಿದ್ದರು. ಕೇಂದ್ರದ ಮುಂದೆ ಅವನು ಇಳಿಯಲೇ ಇಲ್ಲ. ಮೇಡಂ ಬಂದು ಕರೆದರೂ ಡ್ಯಾಶ್‌ಬೋರ್ಡಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಅನ್ನಕ್ಕೆ ಇಟ್ಟು ನೋಡಿದರೆ ಪುಟ್ಟ ಮನೆಯಲ್ಲಿರಲಿಲ್ಲ. ಶೆಡ್ಡಿನಿಂದ ಟಕ್ಕು, ಟಕ್ಕು ಕೇಳಿಸಿತು. ಕಾರಿನಲ್ಲಿ ಕೆಂಪು ಗುಂಡಿಯೊಂದಿತ್ತು, ದಾರಿಯಲ್ಲಿ ಕೆಟ್ಟು ನಿಂತಾಗ ನಾಲ್ಕೂ ದೀಪಗಳನ್ನು ಒಟ್ಟಿಗೆ ಮಿನುಗಿಸುವಂಥದ್ದು. ಅದಕ್ಕೆ ಕೀಲಿ ಬೇಡ. ಅವನು ಅದನ್ನು ಒತ್ತಿ, ತನ್ನ ಸೀಟಿನಲ್ಲಿ ನೆಟ್ಟಗೆ ಕೂತು, ಗೇಟಿನ ಕಡೆ ನೋಡುತ್ತಿದ್ದ.

ಅವಳು ಕರೆದಳು. ಬರಲಿಲ್ಲ. ತಟ್ಟೆಯನ್ನು ಅಲ್ಲಿಗೇ ತಂದು, ಡ್ರೈವರ್ ಸೀಟಿನಲ್ಲಿ ಕೂರಲು ಧೈರ್ಯವಾಗದೆ, ಬಾಗಿಲ ಬಳಿ ನಿಂತು ತುತ್ತು ಕೊಟ್ಟಳು. ಅಗಿಯುವಾಗಲೂ ಅವನ ಬೆರಳು ಮಂಡಿಯ ಮೇಲೆ ಆಡುತ್ತಿತ್ತು. ಬೀದಿಯಲ್ಲಿ ಯಾರದೋ ಚಪ್ಪಲಿ ಸದ್ದಾದರೆ ಅಗಿಯುವುದನ್ನು ನಿಲ್ಲಿಸುತ್ತಿದ್ದ. ಸದ್ದು ಮುಂದೆ ಹೋದ ಮೇಲೆ ಮತ್ತೆ ಅಗಿಯುತ್ತಿದ್ದ.

ಗುಂಡಿಯನ್ನು ಆರಿಸಲು ಹೋದಾಗಲೆಲ್ಲ ಅವಳ ಕೈ ಹಿಡಿದು ತಡೆದ. ಬಿಸಿಲು ಶೆಡ್ಡಿನ ಈ ಕಡೆಯಿಂದ ಆ ಕಡೆಗೆ ಸರಿಯಿತು. ಸಂಜೆಯ ಹೊತ್ತಿಗೆ ಬ್ಯಾಟರಿ ಇಳಿದು ದೀಪಗಳು ಮಂಕಾದವು. ಟಕ್ಕು ಟಕ್ಕುಗಳ ನಡುವೆ ಉಸಿರು ಕಟ್ಟುವಷ್ಟು ಅಂತರ ಬಿತ್ತು. ಒಂದು ಸಲ ಬಡಿದದ್ದು ಮತ್ತೆ ಬಡಿಯಲಿಲ್ಲ. ಪುಟ್ಟ ಗುಂಡಿಯನ್ನು ಒತ್ತಿದ, ಬಿಟ್ಟ, ಒತ್ತಿದ. ಆಮೇಲೆ ಅವಳ ಕೈಯನ್ನು ಎಳೆದು ಗುಂಡಿಯ ಮೇಲೆ ಇಟ್ಟ. ಚಿಕ್ಕಂದಿನಲ್ಲಿ ಮುರಿದ ಆಟಿಕೆಗಳನ್ನು ಹೀಗೆಯೇ ಅವಳ ಕೈಯಲ್ಲಿ ಇಟ್ಟು, ಸರಿಯಾಗುವವರೆಗೆ ಎದುರಿಗೆ ನಿಂತಿರುತ್ತಿದ್ದ.

ಮೆಕ್ಯಾನಿಕ್ ಬಂದು ಬೇರೆ ಬ್ಯಾಟರಿ ಕೂರಿಸಿದ. ಅವಳು ಪೇಪರಿನ ಪೊಟ್ಟಣವನ್ನು ಅವನ ಮುಂದೆ ಹಿಡಿದಳು.

"ಈ ಡೂಪ್ಲಿಕೇಟೇ ಹಾಕಿಬಿಡಪ್ಪ."

"ಯಾಕೆ ಅತ್ತಿಗೆ? ಒರಿಜಿನಲ್ ಚೆನ್ನಾಗೇ ಇದೆಯಲ್ಲ. ಅಷ್ಟು ಕಷ್ಟಪಟ್ಟು ಹುಡುಕಿ ತಂದಿದ್ದು ನೀವೇ."

"ಅದು ದಿನವಿಡೀ ಬಂದೆ ಬಂದೆ ಅಂತ ಸುಳ್ಳು ಹೇಳ್ತಿದೆ. ಅವನು ನಂಬ್ಕೊಂಡು ಕೂತಿದ್ದಾನೆ."

ಅವನು ಪೊಟ್ಟಣ ತೆಗೆದುಕೊಂಡು ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿದ. ಎಂದಿಗಿಂತ ಹೆಚ್ಚು ಹೊತ್ತು ಅಲ್ಲೇ ಇದ್ದ. ಹೊರಗೆ ಬಂದ ಮೇಲೆ ಅವಳ ಮುಖ ನೋಡದೆ, ಕಳಚಿದ ಒರಿಜಿನಲ್ಲನ್ನು ಪೇಪರಿನಲ್ಲಿ ಸುತ್ತಿ ಕೈಗಿಟ್ಟ.

ಬೆಳಿಗ್ಗೆ ಪುಟ್ಟ ಕಾರು ಹತ್ತಿದವನೇ ಕೆಂಪು ಗುಂಡಿ ಒತ್ತಿದ. ಚಿಟಚಿಟಚಿಟ. ತಲೆ ಓರೆ ಮಾಡಿ ಕೇಳಿದ. ಮತ್ತೆ ಒತ್ತಿದ, ಮತ್ತೆ ಕೇಳಿದ. ಕೊನೆಗೆ ಆರಿಸಿ, ಕೈಯನ್ನು ಮಡಿಲಿಗೆ ತಂದುಕೊಂಡ. ಅವಳು ಕಾರು ಹೊರತೆಗೆದಳು.

ತಿರುವಿನಲ್ಲಿ ಎದುರಿನ ಸಾಲು ಉದ್ದವಾಗಿತ್ತು. ಇಂಡಿಕೇಟರ್ ಅವಸರವಾಗಿ ಬಡಿದುಕೊಳ್ಳುತ್ತಿತ್ತು. ಅವನ ಬೆರಳು ಮಂಡಿಯ ಮೇಲೆ ಎದ್ದು ನಿಂತಿತ್ತು. ಎಲ್ಲಿ ಇಳಿಯಬೇಕೆಂದು ತಿಳಿಯದೆ ಹಾಗೆಯೇ ನಿಂತಿತ್ತು. ಅವಳು ರಸ್ತೆಯನ್ನೇ ನೋಡುತ್ತ ಹೇಳಿದಳು.

"ಪುಟ್ಟಾ, ಅಪ್ಪ ಸತ್ತು ಹೋದ್ರು. ಇನ್ನು ಬರಲ್ಲ ಕಂದಾ. ಅವತ್ತೇ ಹೇಳ್ಬೇಕಿತ್ತು ನಾನು."

ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ. ಎದುರಿನ ಸಾಲಿನಲ್ಲಿ ಜಾಗ ಬಿಟ್ಟಿತು, ಮುಚ್ಚಿಕೊಂಡಿತು. ಹಿಂದಿನವರು ಹಾರ್ನ್ ಬಾರಿಸಿದರು. ಅವಳು ಬಂದೆ ಎನ್ನಲಿಲ್ಲ. ಮತ್ತೆ ಜಾಗ ಸಿಕ್ಕಿದಾಗ ಕಾರನ್ನು ತಿರುಗಿಸಿದಳು. ಅಷ್ಟರಲ್ಲಿ ಬೆರಳು ಮಂಡಿಯ ಮೇಲೆ ಇಳಿದಿತ್ತು; ಅವನು ಇನ್ನೊಂದು ಅಂಗೈಯಿಂದ ಅದನ್ನು ಮುಚ್ಚಿ ಹಿಡಿದಿದ್ದ.

ಕೇಂದ್ರದ ಮುಂದೆ ಇಂಡಿಕೇಟರ್ ಹಾಕಿ ಪಕ್ಕಕ್ಕೆ ನಿಲ್ಲಿಸಿದಳು. ಬಾಗಿಲನ್ನು ಯಾವಾಗಲೂ ಅಪ್ಪನೇ ಸುತ್ತಿ ಬಂದು ತೆರೆಯುತ್ತಿದ್ದರು. ಅವಳು ಬೆಲ್ಟು ಬಿಚ್ಚುವಷ್ಟರಲ್ಲಿ ಪುಟ್ಟ ತಾನೇ ಹಿಡಿ ಎಳೆದು ಇಳಿದ. ಕಿಟಕಿಯಿಂದ ಬಗ್ಗಿ ಅವಳು ಕೂತಿದ್ದ ಸೀಟನ್ನು ಒಮ್ಮೆ ನೋಡಿದ. ಊಟದ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಒಳಗೆ ನಡೆದ. ಹಿಂದಿನಿಂದ ನೋಡಿದರೆ ಅವನ ಭುಜ ಥೇಟು ಅವರದೇ, ಎಡಕ್ಕೆ ಸ್ವಲ್ಪ ಇಳಿದದ್ದು.

ಅವನು ಮರೆಯಾದ ಮೇಲೆ ಅವಳು ಡ್ಯಾಶ್‌ಬೋರ್ಡಿನ ಖಾನೆಯಿಂದ ಪೇಪರಿನ ಪೊಟ್ಟಣ ತೆಗೆದಳು. ತುಕ್ಕು ಹಿಡಿದ ಡಬ್ಬಿಯನ್ನು ಬಿಡಿಸಿ ಕಿವಿಗೆ ಒತ್ತಿಕೊಂಡಳು. ಲೋಹ ತಣ್ಣಗಿತ್ತು. ಆರಿಸಲು ಮರೆತ ಇಂಡಿಕೇಟರ್ ಚಿಟಚಿಟ ಎನ್ನುತ್ತಲೇ ಇತ್ತು. ಅದರ ನಡುವೆ ಅವಳು ಡಬ್ಬಿಯನ್ನು ಇನ್ನಷ್ಟು ಒತ್ತಿ ಹಿಡಿದು ಕೂತೇ ಇದ್ದಳು.