ಪರದೆ ಆರಿದ ಮೇಲೆ

ಆ ಬೀದಿಯವರೆಲ್ಲ ಅವಳನ್ನು ಹೊಲಿಗೆಯಮ್ಮ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿದ ಹೊಲಿಗೆ ಮಿಷನ್ನು, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಯ ಮೊಳೆಗಳಲ್ಲಿ ಅರ್ಧ ಹೊಲಿದ ಅಂಗಿಗಳು. ಗಂಡ ಸಿಟಿ ಬಸ್ಸಿನ ಡ್ರೈವರ್. ಒಬ್ಬಳೇ ಮಗಳು ಕಾಲೇಜಿಗೆ ಸೇರಿದ್ದಳು. ಅಂಗೈಯಗಲದ ಮೊಬೈಲಿನಲ್ಲಿ ಲೆಕ್ಕಶಾಸ್ತ್ರದ ಪಾಠ ನೋಡಿ ನೋಡಿ ಹುಡುಗಿಯ ಕಣ್ಣು ಕೆಂಪಾದಾಗ ಮನೆಗೊಂದು ಕಂಪ್ಯೂಟರ್ ತರಲೇಬೇಕೆಂದು ತೀರ್ಮಾನವಾಯಿತು. ದುಬಾರಿಯದ್ದೇನೂ ಬೇಡ, ಕೈಗೆಟುಕುವಂಥದ್ದು, ಮೇಜಿನ ಮೇಲೆ ಕೂತು ಕೆಲಸ ಮಾಡುವಂಥದ್ದು ಸಾಕು.

ಕಂಪ್ಯೂಟರ್ ವಿಷಯ ಎಂದರೆ ಆ ಮನೆಯವರು ಕೇಳಬೇಕಾದದ್ದು ಒಬ್ಬರನ್ನೇ, ಗಂಡನ ಅಕ್ಕನನ್ನು. ಹೊಲಿಗೆಯಮ್ಮನಿಗೆ ಅತ್ತಿಗೆ, ಮಗಳಿಗೆ ಅತ್ತೆ. ನೀರಿನ ಬಿಲ್ಲಿನ ಕಚೇರಿಯಲ್ಲಿ ಗುಮಾಸ್ತೆ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಊರಿನ ಇನ್ನೊಂದು ತುದಿಯ ಚಿಕ್ಕ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಭಾನುವಾರ ಬಂತೆಂದರೆ ತಮ್ಮನ ಮನೆಗೆ ಹಾಜರು. ಬಾಗಿಲು ತಟ್ಟುವ ರೂಢಿ ಅವರಿಗಿರಲಿಲ್ಲ. ಚಪ್ಪಲಿ ಬಿಟ್ಟವರೇ ನೇರ ಅಡುಗೆಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು, "ಇಷ್ಟು ಎಣ್ಣೆ ಯಾಕೆ ಹಾಕ್ತೀಯ?" ಎನ್ನುವರು. ಕಿಟಕಿಯ ಬಟ್ಟೆಯ ಬಣ್ಣದಿಂದ ಹಿಡಿದು ಹುಡುಗಿಯ ಜಡೆಯ ತನಕ, ಅವರ ಅಭಿಪ್ರಾಯಕ್ಕೆ ಸಿಗದ ವಸ್ತು ಆ ಮನೆಯಲ್ಲಿರಲಿಲ್ಲ. ಹೊಲಿಗೆಯಮ್ಮ ಹಲ್ಲಿನಲ್ಲಿ ದಾರ ಕಚ್ಚಿಕೊಂಡು "ಹೌದು ಅತ್ತಿಗೆ" ಎನ್ನುತ್ತಿದ್ದಳು. ಒಳಗೊಳಗೇ ಕುದಿಯುತ್ತಿದ್ದಳು.

ಗಂಡ ಹೆಂಡತಿ ಅತ್ತಿಗೆಯನ್ನು ಕರೆದುಕೊಂಡು ಹೋದ ಕಂಪ್ಯೂಟರ್ ಅಂಗಡಿ ಮೂರನೇ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಏದುಸಿರು ಬಿಡುತ್ತ ಮೇಲೆ ಬಂದ ಅತ್ತಿಗೆ ಕೂರಲೂ ಇಲ್ಲ. ಅಂಗಡಿಯವನು ಬಣ್ಣಬಣ್ಣದ ದೀಪ ಹೊತ್ತಿಕೊಳ್ಳುವ ಒಂದು ಡಬ್ಬ ತೋರಿಸಿದ.

"ಇದು ಕಂಪ್ಯೂಟರೋ, ಸೀರಿಯಲ್ ಲೈಟೋ? ನಮ್ಮ ಹುಡುಗಿ ಲೆಕ್ಕ ಕಲೀಬೇಕು, ಕುಣಿಯೋದಲ್ಲ. ದೀಪ ಇಲ್ಲದ್ದು ತೋರಿಸಿ. ಹಳೇ ಹಾರ್ಡ್ ಡಿಸ್ಕ್ ತಂದು ತಲೆಗೆ ಕಟ್ಟಬೇಡಿ, ಬೇಗ ಓಡೋ ಎಸ್‌ಎಸ್‌ಡಿ ಹಾಕಿ."

ಚೌಕಾಸಿ ಶುರುವಾಯಿತು. ಅತ್ತಿಗೆಯ ದನಿ ಏರಿದಂತೆ ಬೇರೆ ಗಿರಾಕಿಗಳು ತಿರುಗಿ ನೋಡಿದರು. ಹೊಲಿಗೆಯಮ್ಮನಿಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಅವರ ಜೊತೆ ಬಂದವಳು ತಾನಲ್ಲ ಎಂಬಂತೆ ದೂರ ಸರಿದು ಪ್ರಿಂಟರುಗಳ ಮುಂದೆ ನಿಂತಳು. ಕೊನೆಗೆ ಬೆಲೆ ಇಳಿಯಿತು. ಎರಡು ಪುಟ್ಟ ಸ್ಪೀಕರು, ಮೈಕ್ ಇರುವ ಒಂದು ಕ್ಯಾಮೆರಾ ಬಿಟ್ಟಿಯಾಗಿ ಸಿಕ್ಕವು. "ಮೂರು ಮಹಡಿ ಹತ್ತಿಸಿದ್ದೀರಿ, ಅದರ ಕೂಲಿ ಅಂದುಕೊಳ್ಳಿ" ಎಂದು ಅತ್ತಿಗೆ ಅಂಗಡಿಯವನನ್ನೂ ನಗಿಸಿದರು.

ಇಳಿಯುವಾಗ ಮಾನಿಟರಿನ ಡಬ್ಬ ತಾವೇ ಹಿಡಿಯುತ್ತೇನೆಂದು ಹಟ ಮಾಡಿದರು. ಕೊನೆಯ ತಿರುವಿನಲ್ಲಿ ಕಾಲು ಹೊರಳಿತು. ಕುಸಿದು ಕೂತರೂ ಡಬ್ಬವನ್ನು ಎದೆಗವಚಿಕೊಂಡೇ ಇದ್ದರು. ಓಡಿ ಬಂದ ತಮ್ಮನಿಗೆ ಅವರು ಮೊದಲು ಹೇಳಿದ್ದು, "ಗಾಜು ಕಣೋ, ಮೊದಲು ಇದನ್ನ ತಗೋ" ಎಂದು.

ಪಾದ ಊದಿಕೊಂಡಿತು. ಡಾಕ್ಟರು ಪಟ್ಟಿ ಕಟ್ಟಿ ಓಡಾಡಬೇಡಿ ಎಂದರು. ಹಾಗಾಗಿ ಆ ಭಾನುವಾರ ಅತ್ತಿಗೆ ಬರಲಿಲ್ಲ. ಬದಲಿಗೆ ಮಗಳ ಮೊಬೈಲಿಗೆ ವಿಡಿಯೊ ಕರೆ ಮಾಡಿ ಅಲ್ಲಿಂದಲೇ ಕಂಪ್ಯೂಟರ್ ಜೋಡಿಸಲು ಕೂತರು. ಕತ್ತರಿಸುವ ಮೇಜಿನ ಅರ್ಧ ಭಾಗ ಖಾಲಿಯಾಯಿತು. ನೆಲದ ತುಂಬ ಥರ್ಮಕೋಲಿನ ಚೂರು, ಪ್ಲಾಸ್ಟಿಕ್ ಹಾಳೆ, ಎಂಥದ್ದೆಂದು ತಿಳಿಯದ ವೈರುಗಳು.

"ಆ ಅಗಲ ತುದಿ ಇರೋ ಕೇಬಲ್ಲು ಮಾನಿಟರಿಗೆ. ಅಲ್ಲ ಕಣೋ, ಅದು ಕರೆಂಟಿಂದು. ಬಸ್ಸು ಓಡಿಸ್ತೀಯ, ವೈರು ಗೊತ್ತಾಗಲ್ವಾ? ಹಿಂದೆ ಒಂದು ಸಣ್ಣ ಸ್ವಿಚ್ ಇದೆ ನೋಡು. ನೀನು ಪಕ್ಕಕ್ಕೆ ಸರಿಯೇ, ನಿನ್ನ ನೆರಳು ಬೀಳ್ತಿದೆ. ಆ ಬಟ್ಟೆ ರಾಶಿ ಅಲ್ಲಿಂದ ತೆಗಿ, ಧೂಳೆಲ್ಲ ಒಳಗೆ ಹೋಗುತ್ತೆ. ಎಷ್ಟು ಸಲ ಹೇಳಿದೀನಿ ನಿಂಗೆ, ಕೆಲಸದ ಜಾಗ ಚೊಕ್ಕಟವಾಗಿರಬೇಕು ಅಂತ."

ಹೊಲಿಗೆಯಮ್ಮ ಬಟ್ಟೆ ರಾಶಿಯನ್ನು ಎತ್ತಿ ಒಳಗಿಟ್ಟು ಬಂದಳು. ಗಂಡನಿಗಿಲ್ಲದ ಬೈಗುಳ ತನಗೆ ಮಾತ್ರ ಎಂದು ಅವಳಿಗನ್ನಿಸಿತು. ಅವನಿಗೂ ಸಾಕಷ್ಟು ಬಿದ್ದಿತ್ತು, ಅದು ಅವಳ ಲೆಕ್ಕಕ್ಕೆ ಬರಲಿಲ್ಲ.

ಅಂತೂ ಪರದೆ ಬೆಳಗಿತು. ಇಂಟರ್ನೆಟ್ ಬಂತು. ಮೈಕು, ಕ್ಯಾಮೆರಾ ಸರಿಯಿವೆಯೋ ನೋಡಲು ಕಂಪ್ಯೂಟರಿನಿಂದಲೇ ತಮಗೆ ಕರೆ ಮಾಡಿ ಎಂದರು ಅತ್ತಿಗೆ. ಮಗಳು ಹಾಗೆಯೇ ಮಾಡಿದಳು. ದೊಡ್ಡ ಪರದೆಯಲ್ಲಿ ಅತ್ತಿಗೆಯ ಮುಖ, ಮೂಗಿನ ತುದಿಗಿಳಿದ ಕನ್ನಡಕ, ಪಕ್ಕದ ಸ್ಟೂಲಿನ ಮೇಲೆ ಚಾಚಿಟ್ಟ ಪಟ್ಟಿ ಕಟ್ಟಿದ ಕಾಲು. ಮಗಳು ಟೀ ಮಾಡಲು ಒಳಗೆ ಹೋದಳು. ಅಷ್ಟರಲ್ಲಿ ಅತ್ತಿಗೆಯ ಮನೆಯ ಬಾಗಿಲು ಯಾರೋ ತಟ್ಟಿದರು. "ಇರಿ, ನೋಡಿ ಬರ್ತೀನಿ" ಎಂದು ಗೋಡೆ ಹಿಡಿದು ಕುಂಟುತ್ತ ಹೋದರು.

ಖಾಲಿ ಕುರ್ಚಿ ಕಾಣುತ್ತಿತ್ತು. ಹೊಲಿಗೆಯಮ್ಮ ಮಾನಿಟರಿನ ಕೆಳಗಿದ್ದ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಟಿವಿ ಆರಿಸಿದ ಹಾಗೆ ಎಲ್ಲವೂ ಆರಿತು ಎಂದುಕೊಂಡಳು.

"ಸಾಕಪ್ಪ, ಕಿವಿ ತೂತು ಬಿತ್ತು" ಎಂದಳು.

ಗಂಡ ನಕ್ಕ. ಆ ನಗು ಅವಳಿಗೆ ಹುಮ್ಮಸ್ಸು ಕೊಟ್ಟಿತು. ಅವನ ಕನ್ನಡಕ ಕಿತ್ತುಕೊಂಡು ಮೂಗಿನ ತುದಿಗೆ ಇಳಿಬಿಟ್ಟಳು. ಒಂದು ಕಾಲೆಳೆದುಕೊಂಡು, ಗೋಡೆ ಹಿಡಿದು, ಕೋಣೆಯ ಉದ್ದಕ್ಕೂ ನಡೆದಳು. "ಏಯ್, ಆ ಕೇಬಲ್ಲಿಗೆ ಎಣ್ಣೆ ಯಾಕೋ ಅಷ್ಟು ಹಾಕ್ತೀಯ? ಉಸಿರು ಬಿಡಬೇಡ ಕಣೇ, ಧೂಳು ಒಳಗೆ ಹೋಗುತ್ತೆ." ದನಿ ತದ್ವತ್ ಅತ್ತಿಗೆಯದೇ. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ಟೀ ಲೋಟ ಹಿಡಿದು ಬಂದ ಮಗಳು, ಅಮ್ಮನನ್ನು ನೋಡಿ ಲೋಟ ಕೆಳಗಿಟ್ಟು ತಾನೂ ನಕ್ಕಳು. ಕರೆ ಮುಗಿದಿದೆ ಎಂದೇ ಅವಳೂ ತಿಳಿದಿದ್ದಳು.

"ಪಾಪ ಅಮ್ಮ, ಕಾಲು ನೋಯ್ತಿದೆ ಅವರಿಗೆ" ಎಂದಳು ನಗುತ್ತಲೇ.

"ಕಾಲು ನೋಯ್ತಿದ್ರೆ ಈ ವಾರ ನಮಗೆ ರಜೆ" ಎಂದಳು ಹೊಲಿಗೆಯಮ್ಮ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾಲಿಗೆಗೆ ಎಲುಬಿಲ್ಲ. "ತನ್ನದು ಅಂತ ಒಂದು ಸಂಸಾರ ಇದ್ದಿದ್ರೆ ಅಲ್ಲಿ ದರ್ಬಾರು ಮಾಡ್ತಿದ್ರು. ಇಲ್ವಲ್ಲ, ಅದಕ್ಕೇ ನಮ್ಮನೇನ ಬಾಡಿಗೆ ಕೊಡದೆ ಹಿಡ್ಕೊಂಡಿದಾರೆ."

ಗಂಡ ಆ ಮಾತಿಗೂ ನಕ್ಕ.

ಆಗ ಮೇಜಿನ ಮೇಲಿದ್ದ ಪುಟ್ಟ ಸ್ಪೀಕರಿನಿಂದ ದನಿ ಬಂತು. ಸಣ್ಣಗೆ, ಆದರೆ ಸ್ಪಷ್ಟವಾಗಿ.

"ಸ್ಕ್ರೀನ್ ಆರಿಸಿದ್ರೆ ಕಂಪ್ಯೂಟರ್ ಆರಲ್ಲ. ಅದನ್ನ ಹೇಳಿಕೊಡೋದು ಬಾಕಿ ಇತ್ತು."

ಹೊಲಿಗೆಯಮ್ಮನ ಮೂಗಿನ ಮೇಲೆ ಕನ್ನಡಕ ಹಾಗೇ ಇತ್ತು.

"ಆ ಗುಂಡಿ ಇನ್ನೊಂದು ಸಲ ಒತ್ತು ಪುಟ್ಟಿ" ಎಂದರು ಅತ್ತಿಗೆ. ಮಗಳು ಒತ್ತಿದಳು. ಪರದೆ ಬೆಳಗಿತು. ಅತ್ತಿಗೆ ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಇವರ ಕಡೆ ಇರಲಿಲ್ಲ, ಪಕ್ಕಕ್ಕೆಲ್ಲೋ ಇತ್ತು. "ಕೆಳಗೆ ಕಿಟಕಿ ಥರ ಒಂದು ಚಿಹ್ನೆ ಇದೆಯಲ್ಲ, ಅದನ್ನ ಒತ್ತು. ಅಲ್ಲಿ ಪವರ್ ಅಂತ ಬರುತ್ತೆ. ಅದರೊಳಗೆ ಶಟ್ ಡೌನ್. ಯಾವಾಗಲೂ ಹೀಗೇ ಆರಿಸಬೇಕು. ಸುಮ್ಮನೆ ಕರೆಂಟು ತೆಗೆದರೆ ಹಾಳಾಗುತ್ತೆ. ಈಗ ಒತ್ತು."

"ಅತ್ತೆ" ಎಂದಳು ಮಗಳು.

"ಒತ್ತು ಮರಿ."

ಮಗಳು ಒತ್ತಿದಳು. ಅತ್ತಿಗೆಯ ಮುಖ ಹೋಯಿತು. ಡಬ್ಬದೊಳಗೆ ತಿರುಗುತ್ತಿದ್ದ ಫ್ಯಾನಿನ ಸದ್ದೂ ನಿಂತಿತು.

ಭೂಮಿ ಬಾಯಿ ಬಿಡಬಾರದೇ ಎಂದು ಜನ ಹೇಳುವುದನ್ನು ಹೊಲಿಗೆಯಮ್ಮ ಎಷ್ಟೋ ಸಲ ಕೇಳಿದ್ದಳು. ಅದೇನೆಂದು ಆ ಹೊತ್ತು ತಿಳಿಯಿತು. ಗಂಡ ಅವಳ ಮುಖದಿಂದ ತನ್ನ ಕನ್ನಡಕ ತೆಗೆದುಕೊಂಡು, ಒರೆಸಿ, ಹಾಕಿಕೊಂಡು ಹೊರಗೆ ಹೋದ. ಮಗಳು ನೆಲದ ಮೇಲಿನ ಥರ್ಮಕೋಲಿನ ಚೂರುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಟೀ ಆರಿ ಕೆನೆಗಟ್ಟಿತು.

ಸಂಜೆ ಅವಳು ಫೋನ್ ಮಾಡಿದಳು, ಅತ್ತಿಗೆ ಎತ್ತಲಿಲ್ಲ. ಮಾರನೆಯ ದಿನವೂ ಎತ್ತಲಿಲ್ಲ. "ಬಿಡು, ಅಕ್ಕ ಮನಸ್ಸಿನಲ್ಲಿ ಇಟ್ಟುಕೊಳ್ಳೋಳಲ್ಲ" ಎಂದ ಗಂಡ, ಅವಳ ಕಡೆ ನೋಡದೆ. ಮಿಷನ್ನಿನ ಮುಂದೆ ಕೂತರೆ ಕೈ ಓಡದು. ಗಿರಾಕಿಯೊಬ್ಬಳ ಅಂಗಿಗೆ ಬಲತೋಳನ್ನು ಎಡಕ್ಕೆ ಹೊಲಿದುಬಿಟ್ಟಳು. ಅತ್ತಿಗೆ ಎಷ್ಟು ಹೊತ್ತಿಗೆ ಬಂದು ಕುರ್ಚಿಯಲ್ಲಿ ಕೂತಿರಬಹುದು? ಕಾಲೆಳೆದು ನಡೆದದ್ದನ್ನೂ ನೋಡಿದರೇ, ಮಾತು ಮಾತ್ರ ಕೇಳಿದರೇ? ಎರಡರಲ್ಲಿ ಯಾವುದಾದರೂ ಒಂದಾಗಿದ್ದರೆ ಸಾಕಿತ್ತು ಎಂದು ಮನಸ್ಸು ಚೌಕಾಸಿ ಮಾಡುತ್ತಿತ್ತು.

ತಡೆಯಲಾರದೆ ಅವಳೊಬ್ಬಳೇ ಬಸ್ಸು ಹತ್ತಿ ಹೋದಳು. ಅಷ್ಟು ವರ್ಷಗಳಲ್ಲಿ ಆ ಮನೆಗೆ ತಾನು ಹೋದದ್ದು ಬಹಳ ಕಡಿಮೆ ಎಂಬುದು ದಾರಿ ಕೇಳುತ್ತ ಹೋಗುವಾಗ ಅವಳಿಗೆ ಹೊಳೆಯಿತು. ಬಾಗಿಲು ತೆರೆದ ಅತ್ತಿಗೆಯ ಮುಖದಲ್ಲಿ ಸಿಟ್ಟಿರಲಿಲ್ಲ.

"ಬನ್ನಿ, ಕೂತ್ಕೊಳ್ಳಿ" ಎಂದರು.

ಮದುವೆಯಾಗಿ ಬಂದಂದಿನಿಂದ "ನೀನು" ಎಂದವರು. "ಬಾರೇ", "ಹೋಗೇ" ಎಂದವರು. ಹೊಲಿಗೆಯಮ್ಮ ಬಾಗಿಲಲ್ಲೇ ಒಂದು ಕ್ಷಣ ನಿಂತಳು, ಹಿಂದೆ ಬೇರೆ ಯಾರಾದರೂ ಬಂದಿದ್ದಾರೇನೋ ಎಂಬಂತೆ.

ಒಳಗೆ ಪಕ್ಕದ ಮನೆಯ ಮುದುಕಿಯೊಬ್ಬರು ಕೂತಿದ್ದರು. "ಇವರು ನನ್ನ ತಮ್ಮನ ಹೆಂಡತಿ. ಕೈ ಬಹಳ ಚೊಕ್ಕಟ, ಇವರ ಹೊಲಿಗೆ ನೋಡಬೇಕು ನೀವು" ಎಂದು ಅತ್ತಿಗೆ ಪರಿಚಯ ಮಾಡಿಕೊಟ್ಟರು. ಮುದುಕಿ, "ಇವರೇನಾ? ಭಾನುವಾರ ನಿಮ್ಮಲ್ಲಿಂದ ವಾಪಸ್ ಬಂದ್ರೆ ಸಾಕು, ನಿಮ್ಮನೆ ಸುದ್ದಿಯೇ ಇವರ ಬಾಯಲ್ಲಿ" ಎಂದರು. ಹೊಲಿಗೆಯಮ್ಮ ತಲೆ ತಗ್ಗಿಸಿದಳು. ಇಂಥ ಮಾತು ಕೇಳುವುದಕ್ಕಿಂತ ಕೆನ್ನೆಗೆ ಎರಡು ಬಾರಿಸಿಕೊಳ್ಳುವುದು ಮೇಲಾಗಿತ್ತು.

ಮುದುಕಿ ಎದ್ದು ಹೋದ ಮೇಲೆ ಅವಳು ಬಾಯಿ ತೆರೆದಳು. "ಅತ್ತಿಗೆ, ಅವತ್ತು ನಾನು ಆಡಿದ್ದು ತಪ್ಪು. ನನಗೆ..."

ಅತ್ತಿಗೆ ಪಟ್ಟಿಯ ತುದಿಯನ್ನು ಸರಿಪಡಿಸಿಕೊಳ್ಳುತ್ತ ಕೂತಿದ್ದರು. "ನನ್ನ ಬಗ್ಗೆ ಜನ ಏನಂತಾರೆ ಅಂತ ನಂಗೂ ಒಂದು ಅಂದಾಜಿತ್ತು" ಎಂದರು. "ಆಫೀಸಲ್ಲೂ ಅಂತಾರೆ. ನಿಮ್ಮನೇಲಿ ಅನ್ನಲ್ಲ ಅಂದುಕೊಂಡಿದ್ದೆ. ಅದು ನನ್ನ ತಪ್ಪು, ನಿಮ್ಮದಲ್ಲ."

"ಹಾಗೆಲ್ಲ ಅನ್ನಬೇಡಿ ಅತ್ತಿಗೆ."

"ಇಲ್ಲ, ಸಿಟ್ಟಿಲ್ಲ. ಒಂದು ಮಾತು ಹೇಳ್ಲಾ? ಅವನು ಎಷ್ಟು ಚೆನ್ನಾಗಿ ನಕ್ಕ. ಚಿಕ್ಕವನಿದ್ದಾಗ ಹಾಗೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದ. ಎಷ್ಟು ಕಾಲ ಆಗಿತ್ತು ನೋಡಿ ನಾನು ಅದನ್ನ ಕಂಡು."

ಹೊಲಿಗೆಯಮ್ಮ ಎದ್ದು ಬಂದಳು. ಬಸ್ಸಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು.

ಆ ಮಾತನ್ನು ಗಂಡನಿಗೆ ಇದ್ದ ಹಾಗೆ ಹೇಳಿದಳು. ಅವನು ತಟ್ಟೆಯ ಮುಂದೆ ಕೂತಿದ್ದವನು ಕೈ ತೊಳೆದುಕೊಂಡ. ಮರುದಿನ ಡ್ಯೂಟಿ ಮುಗಿಸಿ, ಸಮವಸ್ತ್ರ ಬದಲಿಸದೆ ಅಕ್ಕನ ಮನೆಗೆ ಹೋಗಿ ಬಂದ. ಅವನ ಕಣ್ಣು ಊದಿಕೊಂಡಿತ್ತು.

ಭಾನುವಾರಗಳು ಸದ್ದಿಲ್ಲದೆ ಬಂದು ಹೋದವು. ಮಗಳು ಕಂಪ್ಯೂಟರಿನಲ್ಲಿ ಓದುತ್ತಿದ್ದಳು. ಪಾಠ ಮುಗಿದ ಕೂಡಲೇ ಕ್ಯಾಮೆರಾದ ವೈರು ಕಿತ್ತು ಡ್ರಾಯರಿನಲ್ಲಿಡುತ್ತಿದ್ದಳು. ಮನೆಯಲ್ಲಿ ತಮಾಷೆಯ ಮಾತು ಶುರುವಾದರೆ ಮೂವರೂ ಅರ್ಧಕ್ಕೇ ನಿಲ್ಲಿಸುತ್ತಿದ್ದರು.

ಕಾಲು ಸರಿಹೋದ ಮೇಲೆ, ಎರಡು ಮೂರು ಸಲ ಕರೆದ ಮೇಲೆ, ಅತ್ತಿಗೆ ಬಂದರು. ಬಾಗಿಲು ತಟ್ಟಿದರು. ಹೊಲಿಗೆಯಮ್ಮ ತೆರೆಯುವ ತನಕ ಹೊರಗೇ ನಿಂತಿದ್ದರು. ಕುರ್ಚಿಯ ಅಂಚಿನಲ್ಲಿ ಕೂತು, ಕೊಟ್ಟದ್ದನ್ನು ಉಂಡು, ಸಾಕು ಎಂದರು. ಅಡುಗೆಮನೆಯ ಕಡೆ ತಲೆ ಹಾಕಲಿಲ್ಲ. ಮಗಳು ಮುಂದಿನ ವರ್ಷ ಯಾವ ವಿಷಯ ತೆಗೆದುಕೊಳ್ಳಲಿ ಎಂದು ಕೇಳಿದರೆ, "ನಿಂಗೆ ಯಾವುದು ಇಷ್ಟವೋ ಅದು" ಎಂದರು.

ಹೊಲಿಗೆಯಮ್ಮನಿಗೆ ತಾಳಲಾಗಲಿಲ್ಲ. ಕಂಪ್ಯೂಟರಿಗೆಂದು ತಾನು ಹೊಲಿದ ಹೊದಿಕೆ ತಂದು ಡಬ್ಬಕ್ಕೆ ಹಾಕಿ ತೋರಿಸಿದಳು. ಉಳಿದ ಬಟ್ಟೆಯಲ್ಲಿ ಅವಸರಕ್ಕೆ ಹೊಲಿದದ್ದು, ಒಂದು ಮೂಲೆ ಸೊಟ್ಟಗಿತ್ತು. ಮೊದಲಿನ ಅತ್ತಿಗೆ ಆಗಿದ್ದರೆ ದೂರದಿಂದಲೇ ಹಿಡಿಯುತ್ತಿದ್ದರು.

"ಹೇಗಿದೆ ನೋಡಿ ಅತ್ತಿಗೆ. ಸರಿಯಿಲ್ಲದಿದ್ರೆ ಹೇಳಿ."

ಅತ್ತಿಗೆ ಬಟ್ಟೆಯ ಮೇಲೆ ಕೈಯಾಡಿಸಿದರು. ಬೆರಳು ಡಬ್ಬದ ಹಿಂಭಾಗಕ್ಕೆ ಹೋಗಿ ನಿಂತಿತು. ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು.

"ಚೆನ್ನಾಗಿದೆ" ಎಂದರು.

ಸಂಜೆ ಹೊಲಿಗೆಯಮ್ಮ ಬಸ್‌ಸ್ಟಾಪಿನ ತನಕ ಅವರ ಜೊತೆ ಹೋದಳು. ಬಸ್ಸು ಬಂತು. ಮೆಟ್ಟಿಲು ಎತ್ತರವಿತ್ತು, ಅತ್ತಿಗೆಯ ಮೊಣಕೈ ಹಿಡಿದು ಹತ್ತಿಸಿದಳು, ಅವರು ಕೈ ಬಿಡಿಸಿಕೊಳ್ಳಲಿಲ್ಲ. ಕಿಟಕಿಯ ಪಕ್ಕ ಕೂತ ಮೇಲೆ ಅವರು ಸ್ವಲ್ಪ ಹೊತ್ತು ಎದುರಿನ ಸೀಟನ್ನೇ ನೋಡುತ್ತಿದ್ದು, ಆಮೇಲೆ ಕತ್ತು ಹೊರಗೆ ಹಾಕಿದರು.

"ಆ ಹೊದಿಕೆ," ಎಂದರು, "ಹಿಂದೆ ಫ್ಯಾನಿನ ಹತ್ತಿರ ಬಟ್ಟೆ ಬರಬಾರದು. ಗಾಳಿಗೆ ಜಾಗ ಬಿಡಿ. ಇಲ್ಲಾಂದ್ರೆ ಬಿಸಿಯಾಗುತ್ತೆ."

"ಆಯ್ತು ಅತ್ತಿಗೆ."

"ಮೂಲೇನೂ ಸೊಟ್ಟ ಇದೆ."

ಬಸ್ಸು ಹೊರಟಿತು. ಹೊಲಿಗೆಯಮ್ಮ ಅದು ತಿರುವು ದಾಟುವ ತನಕ ನಿಂತಿದ್ದು ಮನೆಗೆ ಬಂದಳು. ಬಾಗಿಲಲ್ಲೇ ಕಾಯುತ್ತಿದ್ದ ಗಂಡ, "ಅಕ್ಕ ಏನಾದ್ರೂ ಅಂದಳಾ?" ಎಂದು ಕೇಳಿದ.

"ಹೊದಿಕೆ ಸರಿಯಿಲ್ಲವಂತೆ" ಎಂದು ಹೇಳಿ, ಕತ್ತರಿ ತೆಗೆದುಕೊಂಡು ಹೊಲಿಗೆ ಬಿಚ್ಚಲು ಕೂತಳು.