ಉಡಚಪ್ಪ ಬೀಡಿ ಬಿಟ್ಟ ಆರನೆಯ ದಿನ

ಕುಪ್ಪೇಲೂರಿನ ಆ ಓಣಿಯಲ್ಲಿ ಉಡಚಪ್ಪನ ಕೆಮ್ಮಿಗೆ ಗಡಿಯಾರದ ಮರ್ಯಾದೆ ಇತ್ತು. ಬೆಳಗಿನ ಐದಕ್ಕೆ ಅವನು ಕೆಮ್ಮಿದನೆಂದರೆ ಎದುರು ಮನೆಯವರು ಎದ್ದು ಒಲೆ ಹಚ್ಚುವರು. ಹದಿನಾರನೆಯ ವಯಸ್ಸಿನಲ್ಲಿ ಬೀಡಿ ಹಿಡಿದವನಿಗೆ ಈಗ ಮೂವತ್ತೊಂಬತ್ತು. ದಿನಕ್ಕೆ ಒಂದು ಕಟ್ಟು ಮುಗಿದು ಕೈ ಎರಡನೆಯದಕ್ಕೆ ಹೋಗುತ್ತಿತ್ತು.

ಅವನೂ ಹೆಂಡತಿ ನೀಲಾಳೂ ಬೀಜದ ಟೊಮ್ಯಾಟೊ ಬೆಳೆಯುವವರು. ಸೊಳ್ಳೆಪರದೆಯಂಥ ಬಲೆ ಕಟ್ಟಿದ ತೋಟದೊಳಗೆ ಕೂತು, ನಾಳೆ ಅರಳಲಿರುವ ಮೊಗ್ಗನ್ನು ಇವತ್ತೇ ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಕೇಸರವನ್ನಷ್ಟೇ ಕಿತ್ತು ತೆಗೆಯಬೇಕು. ಮರುದಿನ ಅದಕ್ಕೆ ಬೇರೆ ಜಾತಿಯ ಗಿಡದ ಪರಾಗ ಮುಟ್ಟಿಸಬೇಕು. ಕೈ ಕೂದಲೆಳೆಯಷ್ಟು ಆಚೆ ಹೋದರೂ ಮೊಗ್ಗು ಮುರಿಯುತ್ತದೆ.

ಆ ತೋಟದ ಸಾಲಿನಲ್ಲಿ ಒಂದು ದಿನ ಉಡಚಪ್ಪ ಕೆಮ್ಮುತ್ತ ಕುಕ್ಕರಿಸಿದವನು ಏಳಲಿಲ್ಲ. ಉಸಿರು ಒಳಗೂ ಹೋಗದೆ ಹೊರಗೂ ಬರದೆ ಗಂಟಲಲ್ಲೇ ನಿಂತಂತಾಯಿತು. ನೀಲಾ ಅವನನ್ನು ರಾಣೆಬೆನ್ನೂರಿಗೆ ಕರೆದೊಯ್ದಳು. ಡಾಕ್ಟರು ಒಂದು ಕೊಳವೆಯೊಳಗೆ ಜೋರಾಗಿ ಊದಿಸಿ ನೋಡಿ, ಮುಖ ಬಿಗಿದುಕೊಂಡರು.

“ಇನ್ನ ಸೇದಿದ್ರ ಎದಿ ಪೂರಾ ಹೋಗತೈತಿ. ಇವತ್ತ ಬಿಟ್ರ ಉಳಿದದ್ದು ಉಳೀತೈತಿ. ಹಾವೇರಿ ಜಿಲ್ಲಾ ಆಸ್ಪತ್ರ್ಯಾಗ ತಂಬಾಕು ಬಿಡಸೂ ಕೇಂದ್ರ ಐತಿ, ಚೀಟಿ ಬರದ ಕೊಡ್ತೇನಿ, ಹೋಗಿ ಬಾ” ಎಂದರು.

ಮನೆಯಲ್ಲಿ ಆ ಚೀಟಿ ನೋಡಿ ತಾಯಿ ಹೊಳಿಯವ್ವ ಮೂಗು ಮುರಿದಳು.

“ಬೀಡಿ ಬಿಡಾಕ ದವಾಖಾನಿ ಯಾಕ ಬೇಕು? ಬಾಯಿ ನಿಂದು, ಕೈ ನಿಂದು. ನಿಮ್ಮಪ್ಪ ಒಂದ ಮಾತಿಗೆ ಶೆರೆ ಬಿಟ್ಟಿದ್ದ. ಆಣಿ ಮಾಡು, ಮುಗೀತು.”

ಅವಳು ದೇವರ ಜಗಲಿಯಿಂದ ದೇವರಗುಡ್ಡದ ಮಾಲತೇಶನ ಭಂಡಾರದ ಬಟ್ಟಲು ತಂದಳು. ಆ ಸೀಮೆಯಲ್ಲಿ ಆ ಅರಿಸಿನದ ಪುಡಿ ಮುಟ್ಟಿ ಸುಳ್ಳಾಡುವವರಿಲ್ಲ. ಏಳು ವರ್ಷದ ಮಗಳು ದ್ರಾಕ್ಷಾಯಿಣಿಯನ್ನು ಎದುರಿಗೆ ನಿಲ್ಲಿಸಿ, ಅವಳ ಬೈತಲೆಗೆ ಭಂಡಾರ ಹಚ್ಚಿ, ಮಗನ ಕೈ ಎಳೆದು ಆ ತಲೆಯ ಮೇಲಿಟ್ಟಳು.

“ಕೂಸಿನ ತಲಿ ಮ್ಯಾಲೆ ಬ್ಯಾಡ್ರಿ ಅತ್ತಿ” ಎಂದಳು ನೀಲಾ.

“ಭಯ ಇರಬೇಕವ್ವಾ. ಭಯ ಇಲ್ಲಂದ್ರ ಅಂವ ಬಿಡೂ ಪೈಕಿ ಅಲ್ಲ.”

ಉಡಚಪ್ಪ ಕಣ್ಣು ಮುಚ್ಚಿದ. “ಇನ್ನ ಬೀಡಿ ಮುಟ್ಟಿದ್ರ…”

“ಮುಂದ ಹೇಳು.”

“…ನನ್ನ ಮಗಳ ಆಣಿ.”

ಅಪ್ಪನ ಅಂಗೈ ಬೆವೆತದ್ದು ಆ ಕೂಸಿಗೆ ಮಾತ್ರ ಗೊತ್ತಾಯಿತು.

ಮೊದಲ ದಿನ ಹೇಗೋ ಕಳೆಯಿತು. ಎರಡನೆಯ ದಿನ ತಲೆ ಸಿಡಿಯತೊಡಗಿತು. ಮೂರನೆಯ ದಿನ ತೋಟದಲ್ಲಿ ಚಿಮಟ ಹಿಡಿದ ಬೆರಳು ನಡುಗಿ, ಒಂದಾದ ಮೇಲೊಂದು ಹನ್ನೆರಡು ಮೊಗ್ಗು ಮುರಿದವು. “ಸ್ವಲ್ಪ ಕುಂದ್ರಿ, ನಾ ಮಾಡ್ತೇನಿ” ಎಂದ ನೀಲಾಳ ಮೇಲೆ ಅವನು ಹರಿಹಾಯ್ದ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಅಂಥ ಮಾತು ಕೇಳಿರಲಿಲ್ಲ. ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಹೊಟ್ಟೆ ಹಗುರಾಗುವುದಿಲ್ಲ, ಎಷ್ಟು ರೊಟ್ಟಿ ತಿಂದರೂ ಏನೋ ಕಡಿಮೆಯಾದ ಹಾಗೆ. ತನಗೆ ದೊಡ್ಡ ರೋಗವೇ ಬಂದಿರಬೇಕು ಎಂದುಕೊಂಡನೇ ಹೊರತು, ಇದು ಬೀಡಿ ಬಿಟ್ಟ ಮೈ ಬೀಡಿಯನ್ನು ಕೇಳುವ ರೀತಿ ಎಂದು ಅವನಿಗೆ ಹೇಳಿದವರಿರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಪಕ್ಕದ ಹೊಲದ ದುರ್ಗೇಶ ಬದುವಿನ ಮೇಲೆ ಕೂತು ಬೀಡಿ ಹಚ್ಚಿದ್ದ.

“ಏನಲೇ, ಸನ್ಯಾಸಿ ಆಗೀದಿ ಅಂತ? ಮುಖ ನೋಡ್ಕೋ, ಬಾಣಂತಿ ಬೆಕ್ಕಿನಂಗ ಆಗೈತಿ. ಒಂದ ದಮ್ಮು ಎಳಿ, ತಲಿ ಹಗುರಾಗತೈತಿ.”

ಉಡಚಪ್ಪ ಒಂದು ದಮ್ಮು ಎಳೆದ. ತಲೆ ನಿಜಕ್ಕೂ ಹಗುರಾಯಿತು. ಅದರ ಬೆನ್ನಿಗೇ ಮಗಳ ಬೈತಲೆಯ ಭಂಡಾರ ನೆನಪಾಯಿತು. ಆಣೆ ಮುರಿದಿತ್ತು. ಮುರಿದದ್ದು ಒಂದು ದಮ್ಮಿಗೂ ಮುರಿಯಿತು, ನೂರಕ್ಕೂ ಮುರಿಯಿತು, ಇನ್ನು ತಡೆದು ಏನು ಫಲ ಎಂದುಕೊಂಡು ಅಂಗಡಿಗೆ ಹೋಗಿ ಒಂದು ಕಟ್ಟು ತಂದ. ಹೊತ್ತು ಮುಳುಗುವುದರೊಳಗೆ ಆರು ಸುಟ್ಟ. ಉಳಿದದ್ದನ್ನು ಪಂಪಿನ ಮನೆಯ ಸ್ವಿಚ್ ಡಬ್ಬಿಯ ಹಿಂದೆ ಸಿಕ್ಕಿಸಿ, ಬೇವಿನ ಎಲೆ ಅಗಿದು ಮನೆಗೆ ಬಂದ.

“ಐದ ದಿನ ಆತು ನೋಡು” ಎಂದಳು ಹೊಳಿಯವ್ವ, ಹೆಮ್ಮೆಯಿಂದ.

ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ಆರನೆಯ ದಿನ ಬೆಳಕು ಹರಿದಾಗ ದ್ರಾಕ್ಷಾಯಿಣಿಯ ಮೈ ಕೆಂಡದಂತೆ ಸುಡುತ್ತಿತ್ತು. ಕಣ್ಣು ತೆರೆಯಲಾರದೆ “ಯಪ್ಪಾ, ನೀರು” ಎನ್ನುತ್ತಿದ್ದಳು. ಉಡಚಪ್ಪ ಬೈಕನ್ನು ಅಂಗಳಕ್ಕಿಳಿಸಿದ.

“ದವಾಖಾನಿಗೆ ಹೌದಲ್ರಿ?” ನೀಲಾ ಕೂಸನ್ನು ಎತ್ತಿಕೊಂಡು ಬಂದಳು.

“ಗುಡ್ಡಕ್ಕ.”

“ಯಾವ ಗುಡ್ಡಕ್ಕ?”

“ದೇವರಗುಡ್ಡಕ್ಕ. ಕೂಸಿನ್ನ ಒಯ್ದು ಪಾದದ ಮ್ಯಾಲೆ ಹಾಕಬೇಕು. ನನ್ನ ಏನೂ ಕೇಳಬ್ಯಾಡ.”

“ಇಂಥಾ ಜ್ವರದಾಗ?” ನೀಲಾ ಕೂಸನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. “ನಾ ಕೊಡೂದಿಲ್ಲ.”

“ಕೊಡು ಅಂದೆ.”

ಅಷ್ಟರಲ್ಲಿ ಓಣಿಯಿಂದ ಆಶಾ ಕಾರ್ಯಕರ್ತೆ ಶರೀಫಾಬಿ ಬಂದಳು. ಜ್ವರದ ಸಮೀಕ್ಷೆಯ ವಹಿ ಹಿಡಿದು ಮನೆ ಮನೆ ತಿರುಗುತ್ತಿದ್ದವಳು, ಅಂಗಳದ ಮುಖಗಳನ್ನು ನೋಡಿದ್ದೇ ವಹಿಯನ್ನು ಕಟ್ಟೆಯ ಮೇಲಿಟ್ಟು ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಳು.

“ನೂರಾ ಮೂರು. ನೀಲಾ, ಒದ್ದಿ ಅರಬಿಲೆ ಮೈ ಒರಸು. ಉಡಚಪ್ಪಾ, ಗಾಡಿ ಚಾಲೂ ಮಾಡು, ಆಸ್ಪತ್ರಿಗೆ ಹೋಗೂಣು.”

“ಮೊದಲ ಗುಡ್ಡಕ್ಕ, ಆಮ್ಯಾಲೆ ಆಸ್ಪತ್ರಿಗೆ.”

ಶರೀಫಾಬಿ ಬೈಕಿನ ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿದಳು. “ಯಾಕ ಅಂತ ಹೇಳು, ಕೊಡ್ತೇನಿ.”

“ಕೀಲಿ ಕೊಡು ಅಕ್ಕಾ.”

“ಹೇಳು.”

ಉಡಚಪ್ಪ ಬಾಗಿಲತ್ತ ನೋಡಿದ. ಹೊಸ್ತಿಲಲ್ಲಿ ತಾಯಿ ನಿಂತಿದ್ದಳು. ಈಗ ಬಾಯಿ ಬಿಟ್ಟರೆ ತಾಯಿಯ ಎದುರು ತಲೆಯೆತ್ತುವಂತಿಲ್ಲ, ಬಿಡದಿದ್ದರೆ ಕೂಸು ಹೀಗೇ ಸುಡುತ್ತಿರುತ್ತದೆ.

“ನಿನ್ನೆ ಬೀಡಿ ಸೇದೀನಿ” ಎಂದ. “ಒಂದಲ್ಲ, ಆರು. ಕೂಸಿನ ತಲಿ ಮ್ಯಾಲೆ ಆಣಿ ಇತ್ತು. ಅದಕ ಹಿಂಗಾಗೈತಿ. ಇದನ್ನ ಮಾಡಿದಾಂವ ನಾನ.”

ಹೊಳಿಯವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಶರೀಫಾಬಿ ಕಟ್ಟೆಯ ಮೇಲಿನ ವಹಿ ಬಿಡಿಸಿ ಅವನ ಮುಖದೆದುರು ಹಿಡಿದಳು. “ಓದು. ಈ ವಾರ ಊರಾಗ ಹದಿನೇಳು ಮಕ್ಕಳಿಗೆ ಜ್ವರ ಬಂದಾವ. ನನ್ನ ಮಗ ತೌಸಿಫನ ಹೆಸರೂ ಐತಿ, ಅಲ್ಲಿ, ಮೂರನೇದು. ಈ ಹದಿನೇಳೂ ಮಕ್ಕಳ ಅಪ್ಪಂದಿರೂ ಆಣಿ ಮುರದು ಬೀಡಿ ಸೇದಿದ್ರೇನು?”

ಅವನು ಆ ಹೆಸರುಗಳನ್ನು ನೋಡಿದ. ಒಂದೊಂದರ ಮೇಲೂ ಕಣ್ಣು ನಿಲ್ಲಿಸಿದ.

“ಗುಡ್ಡ ಎಲ್ಲೂ ಹೋಗೂದಿಲ್ಲ. ಕೂಸಿಗೆ ಜ್ವರ ಏರಾಕತ್ತೈತಿ. ಹಿಡಿ ಕೀಲಿ.”

ನೀಲಾ ಕೂಸನ್ನು ಹಿಡಿದು ಹಿಂದೆ ಕೂತಳು, ಅವನು ಬೈಕನ್ನು ಆಸ್ಪತ್ರೆಯ ಕಡೆ ತಿರುಗಿಸಿದ.

ಆರೋಗ್ಯ ಕೇಂದ್ರದಲ್ಲಿ ಕೂಸಿನ ರಕ್ತ ತೆಗೆದುಕೊಂಡರು. ವರದಿ ಬರಲು ಹೊತ್ತು ಹಿಡಿಯುತ್ತದೆ ಎಂದರು. ಬೆಂಚಿನ ಮೇಲೆ ಕೂತ ಉಡಚಪ್ಪನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು, ಖಾಲಿ ಜೇಬು ತಡವಿ ಹಿಂದೆ ಬಂತು. ಒಂದು ಗಳಿಗೆಯ ಮೇಲೆ ಮತ್ತೆ ಹೋಯಿತು. ಹಿಂದೆಯೇ ಬೇರೆಯವರ ಸ್ಕೂಟರಿನಲ್ಲಿ ಬಂದಿದ್ದ ಶರೀಫಾಬಿ ಅದನ್ನು ನೋಡಿದಳು.

“ಈಗೂ ಬೇಕನಸಾಕತ್ತೈತಿ?”

“ಮಗಳು ಒಳಗ ಹಂಗ ಮಲಗ್ಯಾಳ. ನನಗಿಲ್ಲಿ ಬೀಡಿ ಬೇಕಾಗೈತಿ. ನಾನೆಂಥಾ ಮನಶಾ ಅಕ್ಕಾ?”

“ಇಪ್ಪತ್ಮೂರು ವರ್ಷ ಸೇದಿದ ಮನಶಾ. ಅಷ್ಟ. ಬೀಡ್ಯಾಗ ನಿಕೋಟಿನ್ ಅಂತ ಇರತೈತಿ. ದಿನಾ ಸಿಗೂದು ಒಮ್ಮೆಲೇ ನಿಂತ್ರ ಮೈ ಹಟ ಮಾಡತೈತಿ. ಸಿಟ್ಟು ಬರತೈತಿ, ಕೈ ನಡಗತಾವ, ನಿದ್ದಿ ಹಾಳಾಗತೈತಿ, ಹೊಟ್ಟಿ ಕಟ್ಟತೈತಿ. ಮೊದಲಿನ ಮೂರ್ನಾಕು ದಿನ ಭಾಳ ತ್ರಾಸು. ಎರಡ್ಮೂರು ವಾರದಾಗ ತಣ್ಣಗಾಗತೈತಿ. ಅದು ರೋಗ ಅಲ್ಲ, ಮೈ ಸುಧಾರಿಸೂ ಲಕ್ಷಣ.”

“ಹಂಗಾರ ನಾ ಯಾಕ ಸೋತೆ?”

“ಸೋತಿಲ್ಲ. ಎಡವೀದಿ. ನಮ್ಮ ಮನಿಯವರು ಮೂರು ಸಲ ಬಿಟ್ಟು ಮೂರು ಸಲ ಹಿಡದ್ರು. ನಾಕನೇ ಸಲಕ್ಕ ಪೂರಾ ಬಿಟ್ಟು ಈಗ ಎಂಟು ವರ್ಷ ಆತು. ಬೇಕಾದ್ರ ಅವರನ್ನ ನೀನ ಕೇಳು. ಎಡವಿದ್ದು ಒಂದು ಬೀಡಿಗೆ, ಅಷ್ಟಕ್ಕ ನಿಲ್ಲಸಬೇಕಿತ್ತು. ಹೆಂಗೂ ಕೆಟ್ಟೀನಿ ಅಂತ ಕಟ್ಟು ತಂದಿ ನೋಡು, ಅದು ತಪ್ಪು.”

“ಬೇಕನಿಸಿದಾಗ ತಲಿ ಹಿಡಿತದಾಗ ಇರೂದಿಲ್ಲ.”

“ಗಡಿಯಾರ ನೋಡು. ಆ ಆಸೆ ಐದು ನಿಮಿಷದ ಮ್ಯಾಲೆ ಜೋರು ಇರೂದಿಲ್ಲ. ಎದ್ದು ಅಡ್ಡಾಡು, ನಿಧಾನ ನೀರು ಕುಡಿ, ಉಸಿರು ಉದ್ದಕ ಎಳಕೋ. ಅದು ತಾನ ಇಳೀತೈತಿ. ಈಗ ಹತ್ತೂ ಮೂವತ್ತೆರಡು.”

ಅವನು ಎದ್ದು ಆಸ್ಪತ್ರೆಯ ಅಂಗಳದಲ್ಲಿ ಅಡ್ಡಾಡಿದ. ಹಲ್ಲು ಕಚ್ಚಿದ. ನಲ್ಲಿಗೆ ಬಾಯಿಟ್ಟು ನೀರು ಕುಡಿದ. ಮೊದಲ ಎರಡು ನಿಮಿಷ ಎರಡು ತಾಸಿನಷ್ಟಿದ್ದವು. ಹತ್ತೂ ಮೂವತ್ತೆಂಟಕ್ಕೆ ತಿರುಗಿ ಬಂದಾಗ ಹಣೆಯ ಬೆವರು ಆರಿತ್ತು.

ಮಧ್ಯಾಹ್ನದ ಹೊತ್ತಿಗೆ ವರದಿ ಬಂತು. ಡೆಂಗೀ ಅಲ್ಲ, ಊರಲ್ಲಿ ಹಬ್ಬಿದ್ದ ವೈರಲ್ ಜ್ವರ. ಔಷಧ ಕೊಟ್ಟು, ನೀರು ಹೆಚ್ಚು ಕುಡಿಸಿ ಎಂದು ಕಳಿಸಿದರು. ದಾರಿಯಲ್ಲಿ ಕೂಸಿನ ಮೈ ಬೆವೆತು ಜ್ವರ ಇಳಿಯತೊಡಗಿತು.

ಹೊಳಿಯವ್ವ ಇನ್ನೂ ಒಲೆ ಹಚ್ಚಿರಲಿಲ್ಲ. ಬೆಳಗಿನಿಂದ ದೇವರ ಜಗಲಿಯ ಮುಂದೆ ಕೂತವಳು ಕೂತೇ ಇದ್ದಳು. ಮಗನನ್ನು ಕಂಡು ಮೆಲ್ಲಗೆ ಎದ್ದಳು. ಅವನು ತಲೆ ತಗ್ಗಿಸಿದ, ಬೈಗುಳಕ್ಕೆ ಕಾದ.

“ಐದ ದಿನ ನೀ ಒಬ್ಬನ ಒದ್ದಾಡೀದಿ” ಎಂದಳು. “ಹೇಳೂಹಂಗ ಇದ್ದಿಲ್ಲ ನಿನಗ. ನಾನ ಬಾಯಿ ಕಟ್ಟಿದ್ದೆ.”

“ಯವ್ವಾ, ಆಣಿ ಮುರದೇನಿ.”

“ಮುರಿಯೂಹಂಥದ್ದು ಮಾಡಿಸಿದ್ದು ನಾನು. ಬೆಳಗಿಂದ ದೇವರನ್ನ ಕೇಳಾಕತ್ತೇನಿ. ತಪ್ಪು ಮಾಡಿದ ಅಪ್ಪನ್ನ ಬಿಟ್ಟು ಏನೂ ಅರಿಯದ ಕೂಸಿನ ಮ್ಯಾಲೆ ಸಿಟ್ಟು ತೀರಿಸ್ಕೊಂಡ್ರ ಅಂವ ದೇವರು ಹ್ಯಾಂಗಾದಾನು? ಜಗಳಗಂಟ ದಾಯಾದಿ ಆದಾನು. ನಮ್ಮ ಮಾಲತೇಶ ಅಂಥಾಂವ ಅಲ್ಲ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾ ಇಟ್ಟ ಆಣಿ ನಾನ ಹಿಂದಕ ತಗೊಂಡೀನಿ. ನಾಳೆ ಚೀಟಿ ಹಿಡಕೊಂಡು ಹಾವೇರಿಗೆ ಹೋಗು. ನನಗ ಒಂದ ಮಾತು ಕೊಡು. ಸೇದಿದ ದಿನ ಸೇದೀನಿ ಅಂತ ಬಂದು ಹೇಳಬೇಕು. ಮುಚ್ಚಿಡಬಾರದು.”

“ಬೈಯ್ಯೂದಿಲ್ಲ?”

“ಬೈತೇನಿ. ಆದ್ರ ಊಟಕ್ಕ ಹಾಕಿ ಬೈತೇನಿ.”

ಅವತ್ತೇ ಸಂಜೆ ಅವನು ನೀಲಾಳನ್ನು ಪಂಪಿನ ಮನೆಗೆ ಕರೆದೊಯ್ದು, ಅಡಗಿಸಿದ್ದ ಕಟ್ಟನ್ನು ತೆಗೆದು ಅವಳ ಕೈಗಿತ್ತ. ಅವಳು ಅದನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಹಿಸುಕಿ, ತಿಪ್ಪೆಗೆ ಎಸೆದಳು. ಮೂರನೆಯ ದಿನದ ಮಾತಿಗೆ ಕ್ಷಮೆ ಕೇಳಲು ಅವನಿಗೆ ಬಾಯಿ ಬರಲಿಲ್ಲ. “ಚಿಮಟ ನಾಳೆ ನನ್ನ ಕೈಯಾಗ ಕೊಡಬ್ಯಾಡ, ನಿನ್ನ ಮೊಗ್ಗು ಉಳೀಲಿ” ಎಂದ. ಅವಳಿಗೆ ಅಷ್ಟು ಸಾಕಾಯಿತು.

ಹಾವೇರಿಯಲ್ಲಿ ಸಮಾಲೋಚಕರು ಅವನ ದಿನವನ್ನೆಲ್ಲ ಕೇಳಿ ತಿಳಿದರು. ಯಾವ ಹೊತ್ತಿಗೆ, ಯಾರ ಜೊತೆ, ಏನು ಕುಡಿದ ಮೇಲೆ ಸೇದುತ್ತಿದ್ದ ಎಂದು ಬರೆದುಕೊಂಡರು. ಡಾಕ್ಟರು ಬೀಡಿಯ ಆಸೆ ತಗ್ಗಿಸುವ ನಿಕೋಟಿನ್ ಗಮ್ ಕೊಟ್ಟು, ಅದನ್ನು ಮಿಠಾಯಿಯಂತೆ ಒಂದೇ ಸಮ ಅಗಿಯದೆ, ಮೆಲ್ಲಗೆ ಅಗಿದು, ಖಾರ ಬಂದ ಕೂಡಲೇ ದವಡೆಯ ಪಕ್ಕಕ್ಕೆ ಒತ್ತಿಟ್ಟುಕೊಳ್ಳಲು ಕಲಿಸಿದರು. ನಂತರದ ದಿನಗಳು ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. ದುರ್ಗೇಶ ಬದುವಿನ ಮೇಲೆ ಕೂತಾಗಲೆಲ್ಲ ಉಡಚಪ್ಪ ಬೇರೆ ದಾರಿ ಹಿಡಿದು ಮನೆಗೆ ಬಂದ. ಕೆಲವೊಮ್ಮೆ ಗಡಿಯಾರ ನೋಡುತ್ತ ಕಣ್ಣಲ್ಲಿ ನೀರು ಬಂತು.

ಹಾವೇರಿಗೆ ಹೋಗಿ ಬಂದ ಹದಿನೆಂಟನೆಯ ದಿನ ರಾಣೆಬೆನ್ನೂರಿನಿಂದ ಬಂದವನು ಚೀಲ ಇಳಿಸುವ ಮುಂಚೆಯೇ ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಯವ್ವಾ, ಇವತ್ತೊಂದು ಸೇದೀನಿ.”

ರೊಟ್ಟಿ ತಟ್ಟುತ್ತಿದ್ದ ಹೊಳಿಯವ್ವನ ಕೈ ನಿಂತಿತು.

“ಯಾವಾಗ?”

“ಬಸ್‌ಸ್ಟ್ಯಾಂಡಿನಾಗ. ಚಾ ಕುಡದ ಮ್ಯಾಲೆ.”

“ಕಟ್ಟು ತಂದಿ?”

“ಇಲ್ಲ. ಒಂದ. ಅದನ್ನೂ ಅರ್ಧಕ್ಕ ಒಗದೆ.”

ಅವಳು ಮತ್ತೆ ರೊಟ್ಟಿ ತಟ್ಟಿದಳು. “ಹಂಗಾರ ನಾಳಿಂದ ಚಾ ಮನ್ಯಾಗ ಕುಡದ ಹೋಗು. ಈಗ ಕೈಕಾಲು ತೊಳಕೊಂಡು ಬಾ, ರೊಟ್ಟಿ ಆರತೈತಿ.”

ಓದುವ, ಕೇಳುವ ಅಣ್ಣಂದಿರೇ, ಅಕ್ಕಂದಿರೇ, ಬೀಡಿ, ಸಿಗರೇಟು, ಗುಟ್ಕಾ ಬಿಡುವುದು ಮನಸ್ಸಿನ ಕೆಲಸವೂ ಹೌದು, ಮೈಯ ಕೆಲಸವೂ ಹೌದು. ಬಿಟ್ಟ ಮೊದಲ ದಿನಗಳಲ್ಲಿ ಆಗುವ ತ್ರಾಸಿಗೆ ಹೆದರಬೇಡಿ, ಅದನ್ನು ಒಬ್ಬರೇ ಹೊರಬೇಡಿ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಹೇಳಿ, ಜಿಲ್ಲಾ ಆಸ್ಪತ್ರೆಯ ತಂಬಾಕು ಬಿಡಿಸುವ ಕೇಂದ್ರಕ್ಕೆ ಹೋಗಿ, ಇಲ್ಲವೇ 1800-11-2356ಕ್ಕೆ ಫೋನ್ ಮಾಡಿ. ಆ ಕರೆಗೆ ದುಡ್ಡು ಬೀಳುವುದಿಲ್ಲ. ಮನೆಯವರೇ, ಬಿಡುವವರನ್ನು ಆಣೆ ಹಾಕಿ ಕಟ್ಟಬೇಡಿ. ಅವರು ನಿಜ ಹೇಳುವಷ್ಟು ಜಾಗವನ್ನು ಮನೆಯಲ್ಲಿ ಇಡಿ. ಬಿಟ್ಟು ಮತ್ತೆ ಎಡವಿದವರು ನೀವಾಗಿದ್ದರೆ, ಕೈಯಲ್ಲಿರುವುದನ್ನು ಈಗಲೇ ನೀರಿಗೆ ಹಾಕಿ, ಮನೆಗೆ ಹೋಗಿ, ನಿಮ್ಮವರಿಗೆ ಹೇಳಿ.